ಕರಿಕೋಟು, ಬಿಳಿ ಬ್ಯಾಂಡ್ ಮತ್ತು ಅಳೆಯುವ ಕಣ್ಣು

ಪಂಚೆ ಉಟ್ಟು ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಬಹುದು, ಜೀನ್ಸ್ ತೊಟ್ಟು ತಾಲ್ಲೂಕು ಕೋರ್ಟಿಗೂ ಹೋಗುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮಾವಳಿಯ 6ನೇ ಭಾಗ, 4ನೇ ಅಧ್ಯಾಯ ಹೇಳುವುದೇ ಹೀಗೆ. ಮೇಲೆ ಕಪ್ಪು ಕೋಟು, ಗೌನು, ಕೊರಳಿಗೆ ಎರಡು ಪಟ್ಟಿ ಇಳಿಬಿಡುವ ಬಿಳಿ ಬ್ಯಾಂಡ್ ಇದ್ದರಾಯಿತು. ಜರಿಪೇಟ, ಮುಚ್ಚುಕೋಟು, ಕಚ್ಚೆಪಂಚೆ ತೊಟ್ಟ ಹಳೇ ಮೈಸೂರಿನ ವಕೀಲರ ಫೋಟೊ ನೋಡಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಪಂಚೆ ಈಗಲೂ ನಿಯಮದಲ್ಲಿದೆ, ಉಡುವವರು ಸಿಗುವುದು ಅಪರೂಪ.

ಕಪ್ಪು ಬಂದದ್ದು ಇಂಗ್ಲೆಂಡಿನಿಂದ, ಅದೂ ಸೂತಕದ ಬಟ್ಟೆಯಾಗಿ. 1685ರಲ್ಲಿ ತೀರಿಕೊಂಡ ಎರಡನೇ ಚಾರ್ಲ್ಸ್‌ಗಾಗಿ ತೊಟ್ಟದ್ದು ಎನ್ನುವವರಿದ್ದಾರೆ, 1694ರಲ್ಲಿ ತೀರಿಕೊಂಡ ರಾಣಿ ಮೇರಿಗಾಗಿ ಎನ್ನುವವರೂ ಇದ್ದಾರೆ. ಯಾರಿಗಾಗಿ ತೊಟ್ಟಿದ್ದರೂ ಮತ್ತೆ ಕಳಚಲಿಲ್ಲ. ಗೌನಿನ ಎಡಭುಜದ ಹಿಂದೆ ಜೋತುಬೀಳುವ ಬಟ್ಟೆಯ ತುಂಡು ಆ ಕಾಲದ ಶೋಕದ ಕುಲಾವಿಯ ಪಳೆಯುಳಿಕೆ. ಕಕ್ಷಿದಾರರು ಕಾಣದಂತೆ ಫೀಸು ಹಾಕುತ್ತಿದ್ದ ಚೀಲ ಅದು ಎಂಬ ಕಥೆಯೇ ಹೆಚ್ಚು ಓಡಾಡುತ್ತದೆ. ರುಚಿಯಾದ ಕಥೆ, ಅಷ್ಟೆ. ಕುದುರೆಯ ಕೂದಲಿನ ವಿಗ್ಗು ಮಾತ್ರ ನಮ್ಮ ವಕೀಲರ ತಲೆಗೆ ಅಂಟಿಕೊಳ್ಳಲಿಲ್ಲ.

ಆ ವಿಗ್ಗಿನ ಒಂದು ಪ್ರಸಂಗವನ್ನು ಮಾತ್ರ ಹೇಳಲೇಬೇಕು. 1922ರಲ್ಲಿ ಇಂಗ್ಲೆಂಡಿನಲ್ಲಿ ಹೆಂಗಸರು ಮೊದಲ ಬಾರಿಗೆ ಬ್ಯಾರಿಸ್ಟರ್‌ಗಳಾದರು. ಅದೇ ವರ್ಷ ನ್ಯಾಯಮೂರ್ತಿಗಳ ಸಮಿತಿಯೊಂದು ಅವರ ಉಡುಪಿನ ಪಟ್ಟಿ ಹೊರಡಿಸಿತು: ವಿಗ್ಗು ತಲೆಗೂದಲನ್ನು ಪೂರ್ತಿ ಮುಚ್ಚಬೇಕು, ಉಡುಪು ಕಪ್ಪು ಅಥವಾ ಕಡುಬಣ್ಣದ್ದಾಗಿರಬೇಕು, ಕತ್ತಿನವರೆಗೂ ಏರಿರಬೇಕು, ತೋಳು ಉದ್ದವಿರಬೇಕು. ಅವರ ವಾದ ಹೇಗಿದೆಯೆಂದು ಸರಿಯಾಗಿ ಕೇಳುವ ಮೊದಲೇ ಕೂದಲ ವಿಚಾರ ತೀರ್ಮಾನವಾಗಿತ್ತು. ಭಾರತದಲ್ಲಿ ಮಹಿಳೆಯರಿಗೆ ಇದ್ದ ಅಡ್ಡಿಯನ್ನು ಮರುವರ್ಷದ, ಅಂದರೆ 1923ರ ಕಾಯ್ದೆ ತೆಗೆದುಹಾಕಿತು.

ಸ್ವತಂತ್ರ ಭಾರತದಲ್ಲಿ 1961ರ ವಕೀಲರ ಕಾಯ್ದೆ ಬಂತು. 1973ರ ತಿದ್ದುಪಡಿ ಅದರ 49ನೇ ಕಲಮಿಗೆ ಒಂದು ಉಪಖಂಡ ಸೇರಿಸಿ, ಉಡುಪಿನ ನಿಯಮ ಮಾಡುವ ಅಧಿಕಾರವನ್ನು ಪರಿಷತ್ತಿಗೆ ಕೊಟ್ಟಿತು. ಅದರಲ್ಲಿ ‘ಹವಾಮಾನವನ್ನು ಗಮನದಲ್ಲಿಟ್ಟುಕೊಂಡು’ ಎಂಬ ಮಾತೂ ಇದೆ. ಫಲವಾಗಿ ಬೇಸಿಗೆಯಲ್ಲಿ ಕೋಟು ಕಡ್ಡಾಯವಲ್ಲ, ಆದರೆ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳಿಗೆ ಈ ವಿನಾಯಿತಿ ಇಲ್ಲ. ಬೇಸಿಗೆ ಯಾವಾಗ ಶುರು, ಯಾವಾಗ ಮುಗಿಯಿತು ಎಂದು ನಿಯಮ ಹೇಳುವುದಿಲ್ಲವಾದ್ದರಿಂದ ವಕೀಲರ ಸಂಘಗಳು ಮನವಿ ಹಿಡಿದು ಹೋಗುವುದು ರೂಢಿಯಾಗಿದೆ. ನಿಯಮದ ಪ್ರಕಾರ ಹೋದರೆ, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಜಿಲ್ಲಾ ನ್ಯಾಯಾಲಯದಲ್ಲಿ ಬಿಳಿ ಶರ್ಟು, ಬ್ಯಾಂಡಿನಲ್ಲಿ ವಾದಿಸಿದವರು ಅದೇ ಊರಿನ ಹೈಕೋರ್ಟ್ ಪೀಠಕ್ಕೆ ಹೋಗುವಾಗ ಕೋಟನ್ನೂ ಗೌನನ್ನೂ ಹೇರಿಕೊಳ್ಳಬೇಕು.

ಬಡವ, ಬಲ್ಲಿದ, ಹಳಬ, ಹೊಸಬ ಎಲ್ಲರೂ ಒಂದೇ ಥರ ಕಾಣಲಿ ಎಂಬುದು ಸಮವಸ್ತ್ರದ ಪರವಾದ ವಾದ. ಅರ್ಧ ನಿಜ. ಅಗ್ಗದ ಪಾಲಿಯೆಸ್ಟರ್ ಕೋಟು ಪದೇ ಪದೇ ಇಸ್ತ್ರಿ ಕಂಡು ಮೊಣಕೈ, ಕಾಲರಿನ ಬಳಿ ಹೊಳೆಯತೊಡಗುತ್ತದೆ. ಉಣ್ಣೆ ಬೆರೆತ ಬಟ್ಟೆ ಹಾಗೆ ಬೇಗ ಮಿಂಚುವುದಿಲ್ಲ, ಬೆಲೆಯೂ ಹೆಚ್ಚು. ಬ್ಯಾಂಡಿನದು ಇನ್ನೊಂದು ಪಾಡು: ಎಲಾಸ್ಟಿಕ್ ಸಡಿಲಾದರೆ ಎರಡು ಬಿಳಿ ಪಟ್ಟಿಗಳೂ ಎದೆಗೆ ಇಳಿಯುತ್ತವೆ, ಬೆವರಿಗೆ ಕುತ್ತಿಗೆಯ ಭಾಗ ಹಳದಿಗಟ್ಟುತ್ತದೆ. ಮೂರು ಜೊತೆಯಾದರೂ ಇಟ್ಟುಕೊಂಡು, ಗಂಜಿ ಹಾಕಿ, ಒಂದನ್ನು ಸದಾ ಬ್ಯಾಗಿನಲ್ಲಿಡುವುದು ಜಾಣತನ. ಕಾಲರ್ ಇಲ್ಲದ ರವಿಕೆ, ಕುರ್ತಾ ತೊಡುವವರಿಗೆ ಬರೀ ಬ್ಯಾಂಡ್ ನಿಲ್ಲುವುದಿಲ್ಲ. ಕಾಲರಿಗೇ ಹೊಲಿದ, ಹಿಂದೆ ವೆಲ್ಕ್ರೊ ಇರುವ ಬ್ಯಾಂಡ್ ಕೊಳ್ಳಬೇಕು. ಹೈಕೋರ್ಟ್, ಜಿಲ್ಲಾ, ಸೆಷನ್ಸ್, ಸಿಟಿ ಸಿವಿಲ್ ಕೋರ್ಟುಗಳಿಗಿಂತ ಕೆಳಗಿನ ಕಡೆ ಬ್ಯಾಂಡಿನ ಬದಲು ಕಪ್ಪು ಟೈ ಕಟ್ಟಬಹುದು ಎಂಬುದು ಎಷ್ಟೋ ಜೂನಿಯರ್‌ಗಳ ಗಮನಕ್ಕೇ ಬಂದಿರುವುದಿಲ್ಲ.

ಅಳೆಯುವ ಕಣ್ಣಿಗೆ ನಿಜವಾದ ಸಲಿಗೆ ಸಿಗುವುದು ನಿಯಮದ ಮಾತು ಸಡಿಲವಿರುವ ಕಡೆ. ಗಂಡಸರ ಪ್ಯಾಂಟು ಬಿಳಿ, ಕಪ್ಪು ಪಟ್ಟೆ ಅಥವಾ ಬೂದು, ಅಲ್ಲಿಗೆ ಮುಗಿಯಿತು. ಹೆಂಗಸರ ಸೀರೆ ಬಿಳಿ, ಕಪ್ಪು ‘ಅಥವಾ ಯಾವುದಾದರೂ ಮಂದ ಬಣ್ಣ’, ಚಿತ್ತಾರ ಇರಕೂಡದು. ಮಂದ ಎಂದರೆ ಎಷ್ಟು ಮಂದ? ತಿಳಿಹಸಿರು ಸರಿಯೇ? ಸಣ್ಣ ಅಂಚು ಚಿತ್ತಾರವೇ? ಇದನ್ನು ತೀರ್ಮಾನಿಸುವುದು ಆಯಾ ದಿನದ ಪೀಠ, ಇಲ್ಲವೇ ಪಕ್ಕದಲ್ಲಿ ಕೂತ ಸೀನಿಯರ್. ನಿಯಮದಲ್ಲಿ ಕೂದಲಿನ ಮಾತೇ ಇಲ್ಲ. ಆದರೂ 2022ರ ಅಕ್ಟೋಬರಿನಲ್ಲಿ ಪುಣೆಯ ಜಿಲ್ಲಾ ನ್ಯಾಯಾಲಯದಲ್ಲಿ ಒಂದು ನೋಟಿಸು ಬಿತ್ತು: ಮಹಿಳಾ ವಕೀಲರು ಕಲಾಪದ ನಡುವೆ ಕೂದಲು ಸರಿಪಡಿಸಿಕೊಳ್ಳುವುದರಿಂದ ಕೆಲಸಕ್ಕೆ ತೊಂದರೆಯಾಗುತ್ತಿದೆ, ಮಾಡಬೇಡಿ ಎಂದು. ಗದ್ದಲವೆದ್ದ ಮೇಲೆ ವಾಪಸಾಯಿತು. ಇಂಗ್ಲೆಂಡಿನ ಆ ವಿಗ್ಗಿನ ಪಟ್ಟಿಗೆ ಆಗ ಸರಿಯಾಗಿ ನೂರು ವರ್ಷ.

2020ರ ಲಾಕ್‌ಡೌನ್ ಹೊಸ ಪೇಚು ತಂದಿತು. ಏಪ್ರಿಲ್‌ನಲ್ಲಿ ಬನಿಯನ್ ತೊಟ್ಟು ವಿಡಿಯೊ ಕಲಾಪಕ್ಕೆ ಬಂದ ವಕೀಲರ ಮಾತು ಕೇಳಲು ರಾಜಸ್ಥಾನ ಹೈಕೋರ್ಟ್ ಒಪ್ಪದೆ ಜಾಮೀನು ಅರ್ಜಿಯನ್ನು ಮುಂದೂಡಿತು. ಮೇ 13ರಂದು ಸುಪ್ರೀಂ ಕೋರ್ಟೇ ಸುತ್ತೋಲೆ ಹೊರಡಿಸಿ, ಸೋಂಕಿನ ಭಯ ಇರುವಷ್ಟು ಕಾಲ ಬಿಳಿ ಶರ್ಟು, ಬಿಳಿ ಸಲ್ವಾರ್ ಅಥವಾ ಬಿಳಿ ಸೀರೆಯ ಮೇಲೆ ಬ್ಯಾಂಡ್ ಇದ್ದರೆ ಸಾಕು ಎಂದಿತು. ಕೋಟು, ಗೌನು ಇಲ್ಲದೆಯೂ ವಾದಗಳು ನಡೆದವು, ತೀರ್ಪುಗಳು ಬಂದವು.

ಈಗ ಕೋಟು ಮರಳಿದೆ. ಉಡುಪು ಸರಿಯಿಲ್ಲದಿದ್ದರೆ ಇಂಥ ಶಿಕ್ಷೆ ಎಂದು ಪರಿಷತ್ತಿನ ನಿಯಮಾವಳಿಯ ಆ ಅಧ್ಯಾಯದಲ್ಲಿ ಎಲ್ಲೂ ಬರೆದಿಲ್ಲ. ‘ಡ್ರೆಸ್ ಸರಿಯಿಲ್ಲ, ಪಾಸ್ ಓವರ್’, ಅಂದರೆ ಕೇಸನ್ನು ಆಮೇಲೆ ಕರೆಯೋಣ, ಎಂದು ಪೀಠ ಹೇಳಿದರೆ ವಕೀಲರು ಪಕ್ಕದವರ ಬ್ಯಾಂಡ್ ಎರವಲು ತಂದು ಮಧ್ಯಾಹ್ನ ಮತ್ತೆ ನಿಲ್ಲಬಹುದು. ಕೇಸು ಅಂದೇ ಕೂಗಿದರೆ ಸರಿ, ಇಲ್ಲವಾದರೆ ಮುಂದಿನ ತಾರೀಖಿಗೆ ಬಸ್ ಹತ್ತಿ ಬರಬೇಕಾದವರು ಕಕ್ಷಿದಾರರು.