ಕುಲುಮೆ ಕಟ್ಟುವ ಮೊದಲು ಗಾಳಿಯ ಲೆಕ್ಕ ಹಾಕಿ

ಮನೆಯಲ್ಲೇ ಸಣ್ಣ ಕುಲುಮೆ ಕಟ್ಟಬೇಕು ಎಂದು ಕೇಳಿಕೊಂಡು ಬರುವವರು ಈಗ ಜಾಸ್ತಿ. ಹೆಚ್ಚಿನವರ ಮೊಬೈಲಿನಲ್ಲಿ ಒಂದೇ ಚಿತ್ರ ಇರುತ್ತದೆ. ಲಾರಿಯ ಬ್ರೇಕ್ ಡ್ರಮ್, ಅದರ ತಳಕ್ಕೆ ಕಬ್ಬಿಣದ ಪೈಪು, ಪೈಪಿನ ತುದಿಗೆ ದೊಡ್ಡದೊಂದು ಬ್ಲೋವರ್. "ಈ ಡ್ರಮ್ ಎಲ್ಲಿ ಸಿಗುತ್ತೆ ಅಣ್ಣಾ?" ಎಂಬುದು ಮೊದಲ ಪ್ರಶ್ನೆ. ನಾನು ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ. ಅದರಲ್ಲಿ ಏನು ಉರಿಸುತ್ತೀರಿ? ಗಾಳಿ ಜಾಸ್ತಿಯಾದರೆ ಹೇಗೆ ಕಡಿಮೆ ಮಾಡುತ್ತೀರಿ? ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆ ಡ್ರಮ್ ಬೇಕೋ ಬೇಡವೋ ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಕೊಡಗಿನಲ್ಲಿ ಕುಲುಮೆ ಹೊಸದೇನಲ್ಲ. ಐರಿ ಸಮುದಾಯದವರು ತಲೆಮಾರುಗಳಿಂದ ನಮ್ಮ ಹಳ್ಳಿಗಳಿಗೆ ಕತ್ತಿ, ಗುದ್ದಲಿ ಮಾಡಿಕೊಟ್ಟಿದ್ದಾರೆ. ಕೈಲ್ ಪೊಳ್ದ್ ಹಬ್ಬಕ್ಕೆ ಮನೆಮನೆಯಲ್ಲಿ ತೊಳೆದು ಹೂವಿಟ್ಟು ಪೂಜಿಸುವ ಆಯುಧಗಳ ಹಿಂದೆ ಅವರ ಕೈಕೆಲಸ ಇದೆ. ಹಳ್ಳಿ ಕುಲುಮೆ ನೋಡಿದವರಿಗೆ ನೆನಪಿರಬಹುದು. ನೆಲದಲ್ಲಿ ಒಂದು ಸಣ್ಣ ಮಣ್ಣಿನ ಗುಂಡಿ, ಪಕ್ಕದಿಂದ ತಿದಿಯ ಗಾಳಿ, ಮೇಲೆ ಇದ್ದಿಲು. ಇಷ್ಟರಲ್ಲೇ ಕೊಡಲಿಯೂ ಆಗುತ್ತಿತ್ತು, ಗುದ್ದಲಿಯೂ ಆಗುತ್ತಿತ್ತು. ಈಗ ಕಲಿಯುವವರಿಗೂ ನಾನು ಹೇಳುವುದು ಇದೇ ಮಾದರಿಯನ್ನು. ಹಳೆಯದೆಂಬ ಅಭಿಮಾನಕ್ಕೆ ಹೇಳುತ್ತಿಲ್ಲ. ನಮ್ಮ ಕೈಗೆ ಸಿಗುವ ಉರುವಲಿಗೆ ಅದು ಸರಿಹೊಂದುತ್ತದೆ.

ಕಲ್ಲಿದ್ದಲಿನ ವಿಷಯ ಮೊದಲು ನೋಡೋಣ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಹತ್ತಿರದ ದೊಡ್ಡ ಗಣಿ ಎಂದರೆ ತೆಲಂಗಾಣದ ಸಿಂಗರೇಣಿ. ಕಮ್ಮಾರಿಕೆಗೆ ಬೇಕಾದದ್ದು ಬೂದಿ ಕಡಿಮೆ, ಗಂಧಕ ಕಡಿಮೆ, ಕಾದಾಗ ಒಂದಕ್ಕೊಂದು ಅಂಟಿಕೊಂಡು ಕೋಕ್, ಅಂದರೆ ಹೊಗೆ ಕಳೆದುಕೊಂಡ ಗಟ್ಟಿ ಇಂಗಾಲ, ಆಗುವ ಕಲ್ಲಿದ್ದಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಹೆಚ್ಚಿನದು ಹಾಗಿಲ್ಲ. ಬೂದಿಯೇ ಶೇಕಡಾ 30ರಿಂದ 40ರವರೆಗೆ ಇರುತ್ತದೆ. ಆ ಬೂದಿ ಬಿಸಿಗೆ ಕರಗಿ, ಗಾಳಿಯ ಬಾಯಿಯ ಹತ್ತಿರ ಗಟ್ಟಿ ಕಿಟ್ಟವಾಗಿ ಕೂರುತ್ತದೆ. ಕಿಟ್ಟ ಕೂತರೆ ಗಾಳಿ ಕಟ್ಟುತ್ತದೆ, ಬೆಂಕಿ ತಣ್ಣಗಾಗುತ್ತದೆ. ಹೊಸಬರಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಇನ್ನಷ್ಟು ಗಾಳಿ ಊದುತ್ತಾರೆ, ಕಷ್ಟ ಇನ್ನೂ ಹೆಚ್ಚುತ್ತದೆ. ಫೌಂಡ್ರಿಗೆ ಬರುವ ಹಾರ್ಡ್ ಕೋಕ್ ಚೆನ್ನಾಗಿ ಉರಿಯುತ್ತದೆ ನಿಜ. ಆದರೆ ಅದಕ್ಕೆ ಬಿಡದೆ ಗಾಳಿ ಬೇಕು, ಹೊತ್ತಿಸುವುದೂ ಕಷ್ಟ.

ಇದ್ದಿಲು ಹಾಗಲ್ಲ. ಬೇಗ ಹೊತ್ತಿಕೊಳ್ಳುತ್ತದೆ, ಗಂಧಕ ಇಲ್ಲದಷ್ಟು ಕಡಿಮೆ, ಕಿಟ್ಟದ ಕಾಟ ಇಲ್ಲವೇ ಇಲ್ಲ ಎನ್ನಬಹುದು. ಜಾಸ್ತಿ ಖರ್ಚಾಗುತ್ತದೆ, ಕಿಡಿ ಹಾರುತ್ತದೆ. ಈ ಎರಡು ತೊಂದರೆ ಮಾತ್ರ. ಅದಕ್ಕೆ ಬೇಕಾದ ಮರ ನಮ್ಮ ತೋಟದಲ್ಲೇ ಇದೆ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹತ್ತಿದರೆ ಕಿತ್ತು ಸುಡಬೇಕು ಎನ್ನುತ್ತಾರಲ್ವಾ? ಸುಮ್ನೆ ಬೂದಿ ಮಾಡುವ ಬದಲು ಆ ಕಾಂಡಗಳನ್ನೇ ಇದ್ದಿಲು ಮಾಡಿ. ಆದರೆ ಕಿತ್ತ ಗಿಡವನ್ನು ತೋಟದಲ್ಲಿ ರಾಶಿ ಹಾಕಿ ತಿಂಗಳುಗಟ್ಟಲೆ ಇಡಬೇಡಿ. ಒಳಗಿನ ಹುಳು ದುಂಬಿಯಾಗಿ ಹೊರಬಂದು ಪಕ್ಕದ ಗಿಡಕ್ಕೆ ಹೋಗುತ್ತದೆ. ಕಾಫಿ ಮರ ಗಟ್ಟಿ, ಅದರ ಇದ್ದಿಲೂ ಗಟ್ಟಿ. ಸಿಲ್ವರ್ ಓಕ್ ಇದ್ದಿಲು ಹಗುರ, ನೋಡುತ್ತಾ ಇರುವಾಗಲೇ ಮುಗಿದುಹೋಗುತ್ತದೆ. ಕಾಡಿನ ಮರಕ್ಕೆ ಕೈ ಹಾಕುವುದು ಬೇಡ.

ಇದ್ದಿಲು ಮಾಡಲು 200 ಲೀಟರಿನ ಹಳೆ ಡ್ರಮ್ಮಿನಲ್ಲಿ ಒಣ ತುಂಡುಗಳನ್ನು ಒತ್ತಾಗಿ ತುಂಬಿ ಮೇಲಿನಿಂದ ಹೊತ್ತಿಸಿ. ಬಿಳಿ ಹೊಗೆ ಹೋಗಿ ತೆಳು ನೀಲಿ ಹೊಗೆ ಬಂದಾಗ ಮುಚ್ಚಳ ಹಾಕಿ, ಸಂದುಗಳಿಗೆಲ್ಲ ಕೆಸರು ಮೆತ್ತಿ ಗಾಳಿ ಕಟ್ಟಿ. ನೀರು ಸುರಿದು ಆರಿಸಬೇಡಿ. ನಮ್ಮ ಹವೆಯಲ್ಲಿ ಒಮ್ಮೆ ನೆನೆದ ಇದ್ದಿಲು ಸುಲಭವಾಗಿ ಒಣಗುವುದಿಲ್ಲ. ತೆಗೆದ ಮೇಲೆ ಒಂದು ಇಡೀ ದಿನ ಹೊರಗೇ ಇರಲಿ. ಒಳಗೆ ಕೆಂಡ ಅಡಗಿದ್ದರೆ ಮತ್ತೆ ಹೊತ್ತಿಕೊಳ್ಳಬಹುದು. ಆಮೇಲೆ ಒಂದು ಇಂಚಿನಷ್ಟು ಚೂರು ಮಾಡಿ, ಪುಡಿ ಜರಡಿ ಹಿಡಿದು ತೆಗೆಯಿರಿ. ಪುಡಿ ಉಳಿದರೆ ಗಾಳಿ ಓಡಾಡುವ ದಾರಿ ಮುಚ್ಚುತ್ತದೆ.

ಇನ್ನು ಗಾಳಿ. ಬೆಂಕಿಯೊಳಗೆ ಎಲ್ಲ ಜಾಗವೂ ಒಂದೇ ರೀತಿ ಇರುವುದಿಲ್ಲ. ಗಾಳಿಯ ಬಾಯಿಯ ಹತ್ತಿರ ಇನ್ನೂ ಖರ್ಚಾಗದ ಆಮ್ಲಜನಕ ಇರುತ್ತದೆ. ಅಲ್ಲಿ ಕಬ್ಬಿಣ ಇಟ್ಟರೆ ಮೇಲೆ ಪೊರೆ ಏಳುತ್ತದೆ, ಬಿಸಿ ಹೆಚ್ಚಾದರೆ ಕಬ್ಬಿಣವೇ ಸುಟ್ಟುಹೋಗುತ್ತದೆ. ಕೆಲವು ಇಂಚು ಮೇಲೆ ಬಂದರೆ ಆ ಆಮ್ಲಜನಕವನ್ನು ಇದ್ದಿಲು ನುಂಗಿರುತ್ತದೆ. ಬಿಸಿ ಇದೆ, ಕಬ್ಬಿಣವನ್ನು ತಿನ್ನುವ ಗಾಳಿ ಇಲ್ಲ. ಕೆಲಸದ ಜಾಗ ಅದೇ. ಗಾಳಿ ಜೋರಾದರೆ ಆಮ್ಲಜನಕ ಆ ಜಾಗವನ್ನೂ ದಾಟಿ ಮೇಲೆ ಬರುತ್ತದೆ. ಬೆಂಕಿ ಭರ್ ಎಂದು ಸದ್ದು ಮಾಡುತ್ತದೆ, ನೋಡಲು ಚೆನ್ನಾಗಿರುತ್ತದೆ. ಆದರೆ ಕಬ್ಬಿಣ ಸವೆಯುತ್ತದೆ, ಇದ್ದಿಲು ಖಾಲಿಯಾಗುತ್ತದೆ. ಕೆಲಸ ಕಲಿಯಲು ಬಂದವರ ಕೈಯಿಂದ ನಾನು ಮೊದಲು ಬಿಡಿಸುವ ಚಾಳಿ ಈ ಜೋರು ಗಾಳಿಯದು.

ಹಾಗಾಗಿ ಕುಲುಮೆ ಹೀಗಿರಲಿ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಹತ್ತು ಇಂಚು ಆಳದ ಒಂದು ಗಟ್ಟಿ ಮರದ ಪೆಟ್ಟಿಗೆ ಸಾಕು. ಕಬ್ಬಿಣದ ತಗಡಿನದಾದರೆ ಇನ್ನೂ ಒಳ್ಳೆಯದು. ಅದನ್ನು ಸೊಂಟದೆತ್ತರದ ಗಟ್ಟಿ ಕಾಲಿನ ಮೇಲೆ ಕೂರಿಸಿ. ಒಳಗೆ ಮಣ್ಣು ತುಂಬಿ ಗುದ್ದಿ, ನಡುವೆ ಎಂಟು ಇಂಚು ಅಗಲ, ಐದಾರು ಇಂಚು ಆಳದ ಗುಂಡಿ ಮಾಡಿ. ಒಂದು ಇಂಚು ಒಳಬಾಯಿಯ ದಪ್ಪ ಪೈಪನ್ನು ಪಕ್ಕದ ಗೋಡೆಯಿಂದ ಗುಂಡಿಯ ತಳಕ್ಕಿಂತ ಸ್ವಲ್ಪ ಮೇಲೆ ಬರುವಂತೆ ಹಾಯಿಸಿ. ಪೈಪಿನ ತುದಿ ಗೋಡೆಯ ಮಟ್ಟದಲ್ಲಿ ಮಣ್ಣಿನೊಳಗೇ ಇರಲಿ. ಹೊರಗೆ ಚಾಚಿದರೆ ಅದೇ ಸುಟ್ಟು ಹೋಗುತ್ತದೆ. ಎದುರುಬದುರು ಎರಡು ಗೋಡೆಗಳಲ್ಲಿ, ಗಾಳಿಯ ಬಾಯಿಗಿಂತ ಮೂರು ಇಂಚು ಮೇಲೆ ಒಂದೊಂದು ಕಚ್ಚು ಬಿಡಿ. ಕಬ್ಬಿಣದ ಸರಳು ಅಲ್ಲಿಂದ ಅಡ್ಡವಾಗಿ ಹೋಗಲಿ. ಹೊಸಬರು ಸರಳನ್ನು ಮೇಲಿನಿಂದ ಕೆಳಕ್ಕೆ ಚುಚ್ಚುತ್ತಾರೆ. ಆಗ ತುದಿ ನೇರವಾಗಿ ಗಾಳಿಯ ಬಾಯಿಗೆ ಹೋಗಿ ಸುಡುತ್ತದೆ.

ಗುಂಡಿಯ ಒಳಮೈಗೆ ಹುತ್ತದ ಮಣ್ಣು ತುಂಬ ಒಳ್ಳೆಯದು. ಪೂಜೆ ನಡೆಯುವ ಹುತ್ತ ಮುಟ್ಟಬೇಡಿ. ತೋಟದಲ್ಲಿ ಗೆದ್ದಲು ಬಿಟ್ಟುಹೋದ, ಬಿದ್ದುಹೋದ ಹುತ್ತಗಳು ಇದ್ದೇ ಇರುತ್ತವೆ. ಅಗೆಯುವ ಮೊದಲು ಒಳಗೆ ಹಾವು ಇಲ್ಲವೆಂದು ನೋಡಿಕೊಳ್ಳಿ. ಮೂರು ಪಾಲು ಮಣ್ಣಿಗೆ ಎರಡು ಪಾಲು ಮರಳು, ಒಂದು ಪಾಲು ಭತ್ತದ ಉಮಿ ಹಾಕಿ, ಉಂಡೆ ಕಟ್ಟುವಷ್ಟೇ ನೀರಿನಲ್ಲಿ ತುಳಿದು ಕಲಸಿ. ನೀರು ಹೆಚ್ಚಾದಷ್ಟೂ ಒಣಗುವಾಗ ಬಿರುಕು ಹೆಚ್ಚು. ಒಲೆಯ ಬೂದಿ ಸೇರಿಸಿದರೆ ಗಟ್ಟಿಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಕುಲುಮೆಯ ಬಿಸಿಯಲ್ಲಿ ಬೂದಿ ಮಣ್ಣನ್ನು ಬೇಗ ಕರಗಿಸುತ್ತದೆ, ಬೇಡ. ಸಿಮೆಂಟು ಖಂಡಿತ ಬೇಡ. ಹೊಳೆಯಿಂದ ತಂದ ನುಣುಪು ಕಲ್ಲೂ ಬೇಡ. ಕಲ್ಲಿನ ಒಳಗೆ ನಿಂತ ನೀರು ಆವಿಯಾಗಿ ಹಿಗ್ಗುತ್ತದೆ, ಕಲ್ಲು ಸಿಡಿದು ಚೂರು ಕಣ್ಣಿಗೆ ಹಾರುತ್ತದೆ.

ಇದನ್ನೆಲ್ಲ ಯಾವಾಗ ಕಟ್ಟಬೇಕು? ಜನವರಿಯಿಂದ ಮಾರ್ಚ್ ಒಳಗೆ. ಜೂನ್ ಬಂದ ಮೇಲೆ ಭಾಗಮಂಡಲ, ಮಡಿಕೇರಿ ಕಡೆ ಮಣ್ಣು ಒಣಗುವ ಮಾತೇ ಇಲ್ಲ. ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ನೆರಳಿನಲ್ಲಿ ಎರಡು ಮೂರು ವಾರ ಬಿಟ್ಟು, ಮೊದಲ ಸಲ ಸಣ್ಣ ಪುಳ್ಳೆ ಬೆಂಕಿ ಮಾತ್ರ ಹಾಕಿ, ಗಾಳಿ ಊದದೆ ಮೆಲ್ಲಗೆ ಕಾಯಿಸಿ. ಬಿರುಕು ಬಂದರೆ ಅದೇ ಮಣ್ಣು ಮೆತ್ತಿ. ಮಳೆಗಾಲದಲ್ಲಿ ಕೆಲಸ ನಿಲ್ಲಿಸಿ ಮತ್ತೆ ಶುರು ಮಾಡುವಾಗಲೂ ಹೀಗೇ ಮೆಲ್ಲಗೆ ಕಾಯಿಸಬೇಕು. ಅದೇ ಫೆಬ್ರವರಿ, ಮಾರ್ಚಿನಲ್ಲಿ ತೋಟದ ತರಗೆಲೆ ಒಣಗಿ ನಿಂತಿರುತ್ತದೆ. ಇದ್ದಿಲಿನ ಒಂದು ಕಿಡಿ ಸಾಕು. ಕುಲುಮೆಯ ಸುತ್ತ ತರಗೆಲೆ ಪೂರ್ತಿ ಗುಡಿಸಿ ಬರಿ ನೆಲ ಮಾಡಿಕೊಳ್ಳಿ. ಪಕ್ಕದಲ್ಲಿ ನೀರು, ಮರಳು ಇರಲಿ. ಗಾಳಿ ಬೀಸುವ ದಿನ ಬೆಂಕಿ ಹಾಕಲೇಬೇಡಿ.

ಗಾಳಿ ಕೊಡಲು ಕೈಯಲ್ಲಿ ತಿರುಗಿಸುವ ಬ್ಲೋವರ್ ನನ್ನ ಮೊದಲ ಆಯ್ಕೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದು ಮಾಮೂಲು. ಅದಕ್ಕಿಂತ ಮುಖ್ಯವಾಗಿ, ಕೈ ನಿಲ್ಲಿಸಿದರೆ ಗಾಳಿ ನಿಲ್ಲುತ್ತದೆ. ಕಬ್ಬಿಣ ಅಡಿಗಲ್ಲಿನ (ಬಡಿಯುವಾಗ ಅಡಿಗೆ ಇಡುವ ಗಟ್ಟಿ ಲೋಹದ ದಿಮ್ಮಿಯ) ಮೇಲೆ ಇರುವಾಗ ಬೆಂಕಿ ಸುಮ್ಮನೆ ಇದ್ದಿಲು ತಿನ್ನುವುದಿಲ್ಲ. ಕೂದಲು ಒಣಗಿಸುವ ಡ್ರೈಯರ್ ಕೂಡ ಈ ಸಣ್ಣ ಗುಂಡಿಗೆ ಜಾಸ್ತಿಯೇ. ಅದನ್ನು ಬಳಸುವುದಾದರೆ ಪೈಪಿನ ಬಾಯಿಗೆ ನೇರ ಸಿಕ್ಕಿಸಬೇಡಿ. ಸ್ವಲ್ಪ ದೂರ ಇಟ್ಟು, ಅರ್ಧ ಗಾಳಿ ಹೊರಗೆ ಹೋಗುವಂತೆ ಬಿಡಿ. ದೂರ ಹೆಚ್ಚು ಕಡಿಮೆ ಮಾಡಿದರೆ ಅದೇ ನಿಮ್ಮ ರೆಗ್ಯುಲೇಟರ್.

ಇಷ್ಟು ಹೇಳಿದ ಮೇಲೂ ಕಲ್ಲಿದ್ದಲೇ ಬೇಕು ಎನ್ನುವವರಿದ್ದಾರೆ, ಒಳ್ಳೆಯ ಮಾಲು ಸಿಗುವವರೂ ಇದ್ದಾರೆ. ಅವರಿಗೆ ಬ್ರೇಕ್ ಡ್ರಮ್ ಸರಿ. ಲಾರಿಯದು ಬೇಡ, ಜೀಪಿನದು ಸಾಕು. ಗುಜರಿಯಿಂದ ತಂದ ಡ್ರಮ್ಮಿನ ಪುಡಿಯನ್ನು ಊದಿ ಹಾರಿಸಬೇಡಿ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಇಲ್ಲಿ ಗಾಳಿ ತಳದಿಂದ ಬರುತ್ತದೆ, ಪೈಪು ಎರಡು ಇಂಚಿನದು. ಅದಕ್ಕೆ ಮೂರು ಬಾಯಿಯ ಟಿ ಪೈಪು ಜೋಡಿಸಿ, ಕೆಳಗಿನ ಬಾಯಿಗೆ ತೆರೆದು ಮುಚ್ಚುವ ಬಾಗಿಲು ಇಡಿ. ಬೂದಿ ಅಲ್ಲಿಂದ ಬೀಳುತ್ತದೆ. ಆ ಬಾಗಿಲಿಗೆ ಇನ್ನೊಂದು ದೊಡ್ಡ ಕೆಲಸ ಇದೆ. ಬ್ಲೋವರ್ ತಟ್ಟನೆ ನಿಂತರೆ ಹಸಿ ಕಲ್ಲಿದ್ದಲಿನಿಂದ ಬರುವ ಅನಿಲ ಪೈಪಿನೊಳಗೆ ಇಳಿದು ತುಂಬಿಕೊಳ್ಳುತ್ತದೆ. ಕರೆಂಟು ಬಂದು ಬ್ಲೋವರ್ ಮತ್ತೆ ಶುರುವಾದಾಗ ಅದಕ್ಕೆ ಬೆಂಕಿ ತಗುಲಿ ಢಂ ಎಂದು ಸಿಡಿಯಬಹುದು. ಗಾಳಿ ನಿಂತ ಕೂಡಲೇ ಸ್ವಿಚ್ ಆರಿಸಿ, ಕೆಳಗಿನ ಬಾಗಿಲು ತೆರೆಯಿರಿ. ಡ್ರಮ್ ಬೀಡುಕಬ್ಬಿಣದ್ದು. ಕಾದಾಗ ಮಳೆ ಹನಿ ಬಿದ್ದರೂ ಬಿರಿಯಬಹುದು, ಒಳಗೆ ಮಣ್ಣು ಮೆತ್ತಿಯೇ ಬಳಸಿ. ಕಿಟ್ಟವನ್ನು ಆಗಾಗ ಕೊಕ್ಕೆಯಿಂದ ಎತ್ತಿ ತೆಗೆಯಬೇಕು. ಗಾಳಿ ನಿಲ್ಲಿಸಿ ಒಂದೆರಡು ನಿಮಿಷ ಬಿಟ್ಟರೆ ಅದು ಗಟ್ಟಿಯಾಗಿ ಒಂದೇ ತುಂಡಾಗಿ ಬರುತ್ತದೆ.

ಪೈಪಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ತೋಟದ ಮನೆಗಳ ಹಿಂದೆ ಹಳೆಯ ಪಂಪಿನ ಜಿಐ ಪೈಪು, ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪು ಬಿದ್ದಿರುತ್ತವೆ. ಬಿಟ್ಟಿ ಸಿಗುತ್ತದೆ ಎಂದು ಅದನ್ನೇ ತರುತ್ತಾರೆ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಜಿಐ ಪೈಪಿನ ಮೇಲಿರುವುದು ಸತು. ಅದು 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗುತ್ತದೆ. ಆ ಹೊಗೆ ಕುಡಿದರೆ ಕೆಲವು ಗಂಟೆ ಬಿಟ್ಟು ಚಳಿ ಜ್ವರ, ಮೈಕೈ ನೋವು, ಎದೆ ಬಿಗಿತ ಬರುತ್ತದೆ. ಹಾಲು ಕುಡಿದರೆ ಸರಿಹೋಗುತ್ತದೆ ಎನ್ನುವುದನ್ನು ನಂಬಬೇಡಿ. ಗುಜರಿಯಲ್ಲಿ ಸತು ಲೇಪ ಇಲ್ಲದ ಎಂಎಸ್ (ಸಾದಾ ಉಕ್ಕಿನ) ಪೈಪ್ ಕೇಳಿ ತನ್ನಿ. ಕಾಯಿಸುವ ಕಬ್ಬಿಣಕ್ಕೂ ಇದೇ ಮಾತು. ಲೇಪ ಇರುವ ಬೋಲ್ಟು, ತಂತಿ, ಬೇಲಿ ಕಂಬ ಯಾವುದನ್ನೂ ಬೆಂಕಿಗೆ ಹಾಕಬೇಡಿ.

ಇದಕ್ಕಿಂತ ನನಗೆ ಹೆಚ್ಚು ಭಯ ಮುಚ್ಚಿದ ಶೆಡ್ಡಿನದು. ಹೊರಗೆ ಮಳೆ, ಚಳಿ. ಕೆಂಡದ ಪಕ್ಕ ಬೆಚ್ಚಗಿರುತ್ತದೆ. ಬಾಗಿಲು ಎಳೆದುಕೊಳ್ಳೋಣ ಅನ್ನಿಸುತ್ತದೆ. ಇದ್ದಿಲು, ಕಲ್ಲಿದ್ದಲು ಎರಡರಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣುವುದಿಲ್ಲ ಎಂದು ಧೈರ್ಯ ಮಾಡಿದವರ ಪ್ರಾಣ ಹೋಗುತ್ತದೆ. ಕುಲುಮೆ ಕನಿಷ್ಠ ಎರಡು ಕಡೆ ಪೂರ್ತಿ ತೆರೆದ ಮಾಡಿನ ಕೆಳಗಿರಲಿ. ತಲೆನೋವು, ತಲೆಸುತ್ತು, ಹೊಟ್ಟೆ ತೊಳೆಸುವುದು ಶುರುವಾದರೆ ಕೆಲಸ ಅಲ್ಲೇ ಬಿಟ್ಟು ಹೊರಗೆ ಬನ್ನಿ. ಉಳಿದ ಕೆಂಡವನ್ನು ಮನೆ ಬೆಚ್ಚಗಿಡಲು ಒಳಗೆ ಒಯ್ಯುವುದು ಎಂದಿಗೂ ಬೇಡ. ಬಟ್ಟೆ ಹತ್ತಿಯದ್ದೇ ಇರಲಿ. ನೈಲಾನ್ ಜಾಕೆಟ್ ಮೇಲೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕಣ್ಣಿಗೆ ಕನ್ನಡಕ, ಕಾಲಿಗೆ ಚರ್ಮದ ಬೂಟು ಬೇಕೇ ಬೇಕು.

ಅಡಿಗಲ್ಲಿಗೆ ರೈಲು ಕಂಬಿ ಹುಡುಕುತ್ತಾ ಅಲೆಯಬೇಡಿ. ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಲಾರಿ ಆಕ್ಸಲ್‌ನ ತುಂಡನ್ನು ಮರದ ದಿಮ್ಮಿಯಲ್ಲಿ ನೆಟ್ಟಗೆ ಹೂತು ನಿಲ್ಲಿಸಿದರೆ ಕಲಿಯುವ ಕೆಲಸಕ್ಕೆ ಸಾಕು. ಸುತ್ತಿಗೆ ಒಂದು ಕಿಲೋ ಒಳಗಿನದು ಇರಲಿ.

ಮೊದಲ ದಿನವೇ ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಸಣ್ಣ ಕತ್ತಿ) ಮಾಡಬೇಕು ಎನ್ನುವ ಆಸೆ ಎಲ್ಲರಿಗೂ ಇರುತ್ತದೆ. ನನಗದು ಅರ್ಥವಾಗುತ್ತದೆ. ಆದರೆ ಮೊದಲು 10 ಮಿಲಿಮೀಟರ್ ಸಾದಾ ಸರಳಿನಲ್ಲಿ ಒಂದು ಕೊಕ್ಕೆ ಮಾಡಿ. ತುದಿ ಚೂಪು ಮಾಡುವುದು, ಬಗ್ಗಿಸುವುದು, ತಿರುಚುವುದು ಮೂರೂ ಅದರಲ್ಲಿ ಬರುತ್ತವೆ. ನೆರಳಿನಲ್ಲಿ ನಿಂತು ಬಣ್ಣ ನೋಡಿ. ಬಿಸಿಲಿನಲ್ಲಿ ಕೆಂಪು ಕಾಣುವುದೇ ಇಲ್ಲ, ಕಾದಿಲ್ಲವೆಂದು ಸುಟ್ಟುಬಿಡುತ್ತೀರಿ. ಕಿತ್ತಳೆಯಿಂದ ಹಳದಿಗೆ ತಿರುಗುವಾಗ, ಸುಮಾರು 1,000ದಿಂದ 1,150 ಡಿಗ್ರಿಯಲ್ಲಿ, ಸರಳು ಪೆಟ್ಟಿಗೆ ಚೆನ್ನಾಗಿ ಬಗ್ಗುತ್ತದೆ. ಮಂಕು ಕೆಂಪಿಗೆ ಇಳಿದರೆ ಹೊಡೆಯುವುದು ನಿಲ್ಲಿಸಿ ಮತ್ತೆ ಬೆಂಕಿಗಿಡಿ. ಬಿಳಿಯಾಗಿ ಚಿಟಚಿಟ ಕಿಡಿ ಹಾರಿದರೆ ಆ ತುದಿ ಸುಟ್ಟಿತೆಂದೇ ಲೆಕ್ಕ. ಅಷ್ಟು ಭಾಗ ಕತ್ತರಿಸಿ ತೆಗೆಯಿರಿ, ಗಾಳಿ ಕಡಿಮೆ ಮಾಡಿ, ಮತ್ತೆ ಶುರು ಮಾಡಿ.

ಕೆಲಸ ಮುಗಿದ ಮೇಲೆ ಉಳಿದ ಕೆಂಡವನ್ನು ಚಿಮಟದಿಂದ ಎತ್ತಿ ಮುಚ್ಚಳ ಇರುವ ಕಬ್ಬಿಣದ ಡಬ್ಬಕ್ಕೆ ಹಾಕಿ ಬಿಗಿಯಾಗಿ ಮುಚ್ಚಿ. ಗಾಳಿ ಇಲ್ಲದೆ ಆರುತ್ತದೆ, ಆ ಇದ್ದಿಲು ಮುಂದಿನ ಸಲ ಹೊತ್ತಿಸಲು ಎಲ್ಲಕ್ಕಿಂತ ಒಳ್ಳೆಯದು. ಡಬ್ಬವನ್ನು ಮಾಡಿನ ಹೊರಗೆ, ಕಲ್ಲಿನ ಮೇಲೆ ಇಡಿ. ಗುಂಡಿ ತಣ್ಣಗಾದ ಮೇಲೆ ಒಂದು ತಗಡು ಮುಚ್ಚಿ.