ಈ ಹುಡುಗರಿಗೆ ಸುಸ್ತೇ ಆಗಲ್ವಾ?

ಎಂಟು ವರ್ಷದ ಮಗನನ್ನು ಸುಸ್ತು ಮಾಡಿಸಿ ಬೇಗ ಮಲಗಿಸೋಣ ಅಂತ ಅಪ್ಪ ಅವನ ಜೊತೆ ಓಡಿ ಹಿಡಿಯುವ ಆಟಕ್ಕೆ ಇಳಿಯುತ್ತಾನೆ. ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅಪ್ಪ ಸೊಂಟ ಹಿಡಿದುಕೊಂಡು ಕೂತಿರುತ್ತಾನೆ. ಮಗ 'ಇನ್ನೊಂದ್ಸಲ, ಇನ್ನೊಂದ್ಸಲ' ಅನ್ನುತ್ತಿರುತ್ತಾನೆ. ಮನೆಯಲ್ಲಿ ಅವನಿಗೊಬ್ಬ ತಮ್ಮನೂ ಇದ್ದರೆ ಮುಗಿದೇ ಹೋಯಿತು. ಒಬ್ಬನನ್ನು ಹಿಡಿಯುವಷ್ಟರಲ್ಲಿ ಇನ್ನೊಬ್ಬ ಬೆನ್ನ ಮೇಲೆ ಏರಿರುತ್ತಾನೆ.

ವಯಸ್ಸಾಯಿತು ಅಂತ ಅಪ್ಪ ಬೇಸರ ಮಾಡಿಕೊಳ್ಳಬೇಕಿಲ್ಲ. ಇಪ್ಪತ್ತರ ಹರೆಯದಲ್ಲಿ ಇದ್ದಿದ್ದರೂ ಅವನು ಸೋಲುತ್ತಿದ್ದ. ಫ್ರಾನ್ಸಿನ ಸೆಬಾಸ್ಟಿಯನ್ ರಾಟೆಲ್, ಆಸ್ಟ್ರೇಲಿಯಾದ ಆಂಥನಿ ಬ್ಲೇಜೆವಿಚ್ ಮತ್ತು ಅವರ ಸಂಗಡಿಗರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನೇ ಅಳೆದು ತೋರಿಸಿತು. ಒಂದು ಕಡೆ 8ರಿಂದ 12 ವರ್ಷದ 12 ಹುಡುಗರು. ಇನ್ನೊಂದು ಕಡೆ ವ್ಯಾಯಾಮದ ಅಭ್ಯಾಸವಿಲ್ಲದ 12 ಗಂಡಸರು. ಮೂರನೇ ಗುಂಪಿನಲ್ಲಿ ರಾಷ್ಟ್ರಮಟ್ಟದ 13 ಕ್ರೀಡಾಪಟುಗಳು, ಅಂದರೆ ದೂರದ ಓಟ, ಸೈಕ್ಲಿಂಗ್, ಟ್ರಯಥ್ಲಾನ್‌ಗಳಲ್ಲಿ ಪಳಗಿದವರು. ಎಲ್ಲರನ್ನೂ ವ್ಯಾಯಾಮದ ಸೈಕಲ್ ಮೇಲೆ ಕೂರಿಸಿ, ಮೈಯಲ್ಲಿರುವ ಶಕ್ತಿಯೆಲ್ಲ ಹಾಕಿ ತುಳಿಯಿರಿ ಎಂದರು. ಒಂದು ಪರೀಕ್ಷೆ 7 ಸೆಕೆಂಡಿನದು, ಇನ್ನೊಂದು 30 ಸೆಕೆಂಡಿನದು.

30 ಸೆಕೆಂಡು ಅಂದರೆ ಏನು ಮಹಾ ಅನ್ನಿಸಬಹುದು. ತುಳಿದು ನೋಡಿದವರಿಗೇ ಗೊತ್ತು. ಅಭ್ಯಾಸವಿಲ್ಲದ ಗಂಡಸರು ಕೊನೆಗೆ ಬರುವಷ್ಟರಲ್ಲಿ ಅವರ ಕಾಲಿನ ಬಲ ಸುಮಾರು ಅರ್ಧಕ್ಕೆ ಇಳಿದಿತ್ತು. ಹುಡುಗರಲ್ಲಿ ಇಳಿದದ್ದು ಮೂರನೇ ಒಂದು ಭಾಗದಷ್ಟು ಮಾತ್ರ. ಈ ಲೆಕ್ಕದಲ್ಲಿ ಅವರು ಕ್ರೀಡಾಪಟುಗಳ ಪಕ್ಕದಲ್ಲೇ ನಿಂತರು. ಸೈಕಲ್ ಇಳಿದ ಮೇಲೆ ಇನ್ನೂ ತಮಾಷೆ. ಎದೆಬಡಿತ ಮಾಮೂಲಿಗೆ ಬರುವುದರಲ್ಲಿ, ರಕ್ತದಲ್ಲಿ ಸೇರಿದ ಲ್ಯಾಕ್ಟೇಟ್ (ಸ್ನಾಯು ಜೋರಾಗಿ ದುಡಿಯುವಾಗ ಸಕ್ಕರೆ ಒಡೆದು ಹುಟ್ಟುವ ವಸ್ತು) ಖಾಲಿಯಾಗುವುದರಲ್ಲಿ ಹುಡುಗರು ಆ ಕ್ರೀಡಾಪಟುಗಳಿಗೆ ಸಮ, ಕೆಲವು ಅಳತೆಗಳಲ್ಲಿ ಒಂದು ಕೈ ಮೇಲು.

ಹುಡುಗನ ಬಲ ಜಾಸ್ತಿ ಅಂತ ಇದರ ಅರ್ಥ ಅಲ್ಲ. ಒಂದೇ ಏಟಿಗೆ ಎಷ್ಟು ಬಲ ಹಾಕಬಲ್ಲ ಅಂತ ನೋಡಿದರೆ ಅಪ್ಪನ ಮುಂದೆ ಅವನು ಏನೂ ಅಲ್ಲ. ಅವನ ಗುಟ್ಟು ಇರುವುದು ಬಲವನ್ನು ಎಲ್ಲಿಂದ ತರುತ್ತಾನೆ ಅನ್ನುವುದರಲ್ಲಿ.

ಸ್ನಾಯುವಿಗೆ ಶಕ್ತಿ ಬರುವ ದಾರಿ ಮೂರು. ಮನೆಯ ಹಣಕಾಸಿಗೆ ಹೋಲಿಸಿದರೆ ಇದು ಬೇಗ ಅರ್ಥವಾಗುತ್ತದೆ. ಮೊದಲನೆಯದು ಜೇಬಿನಲ್ಲಿರುವ ಚಿಲ್ಲರೆ. ಸ್ನಾಯುವಿನೊಳಗೇ ಫಾಸ್ಫೋಕ್ರಿಯೇಟಿನ್ ಎಂಬ ವಸ್ತು ಒಂದಿಷ್ಟು ಸಿದ್ಧವಾಗಿರುತ್ತದೆ. ಕೈ ಹಾಕಿದ ತಕ್ಷಣ ಸಿಗುತ್ತದೆ, ಆದರೆ ಕೆಲವೇ ಸೆಕೆಂಡಿಗೆ ಖಾಲಿ. ಎರಡನೆಯದು ಸಂಬಳ. ಉಸಿರಾಡಿದ ಆಮ್ಲಜನಕ ಬಳಸಿ ಸಕ್ಕರೆ, ಕೊಬ್ಬುಗಳನ್ನು ಉರಿಸಿ ಪಡೆಯುವ ಶಕ್ತಿ ಇದು. ನಿಧಾನವಾಗಿ ಬಂದರೂ ನಿಲ್ಲದೆ ಬರುತ್ತಿರುತ್ತದೆ. ಮೂರನೆಯದು ಕೈಸಾಲ. ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಅರ್ಧಂಬರ್ಧ ಒಡೆದು ಪಡೆಯುವ ಶಕ್ತಿ. ಬೇಗ ಸಿಗುತ್ತದೆ, ದೊಡ್ಡ ಮೊತ್ತದಲ್ಲಿ ಸಿಗುತ್ತದೆ, ಆದರೆ ಬಡ್ಡಿ ಇದೆ. ಸ್ನಾಯುವಿನಲ್ಲಿ ಆಮ್ಲೀಯತೆ ಏರುತ್ತದೆ, ಕಾಲು ಉರಿಯುತ್ತದೆ. ಆಟ ನಿಲ್ಲಿಸಿದ ಮೇಲೂ ಎಷ್ಟೋ ಹೊತ್ತು ಏದುಸಿರು ಬಿಡುತ್ತಾ ಕೂರಬೇಕಾಗುತ್ತದೆ.

ಸಾಲದ ಹೋಲಿಕೆ ನನ್ನದಲ್ಲ, ನೂರು ವರ್ಷ ಹಳೆಯದು. ಇಂಗ್ಲೆಂಡಿನ ಎ. ವಿ. ಹಿಲ್ ಎಂಬ ವಿಜ್ಞಾನಿಗೆ ಓಡುವ ಹುಚ್ಚಿತ್ತು. 1920ರ ದಶಕದಲ್ಲಿ ಅವರು ಓಟಗಾರರ ಬೆನ್ನಿಗೆ ದೊಡ್ಡ ಚೀಲ ಕಟ್ಟಿ, ಬಿಟ್ಟ ಉಸಿರನ್ನೆಲ್ಲ ಅದರಲ್ಲಿ ಹಿಡಿದು ಅಳೆದರು. ತಾವೂ ಓಡಿದರು. ಓಟ ಮುಗಿದ ಮೇಲೂ ದೇಹ ಹೆಚ್ಚುವರಿ ಆಮ್ಲಜನಕ ಎಳೆದುಕೊಳ್ಳುತ್ತಲೇ ಇರುವುದನ್ನು ಕಂಡು ಅದಕ್ಕೆ 'ಆಮ್ಲಜನಕದ ಸಾಲ' ಅಂತ ಹೆಸರಿಟ್ಟರು. ಸ್ನಾಯುಗಳ ಮೇಲಿನ ಕೆಲಸಕ್ಕಾಗಿ ಹಿಲ್ ಮತ್ತು ಜರ್ಮನಿಯ ಒಟ್ಟೊ ಮೇಯರ್‌ಹೋಫ್ 1922ರ ನೊಬೆಲ್ ಬಹುಮಾನ ಹಂಚಿಕೊಂಡರು.

ಆದರೆ ಆ ಕಾಲದ ಕೆಲಸದಿಂದ ಒಂದು ತಪ್ಪು ಕಲ್ಪನೆಯೂ ಹುಟ್ಟಿಕೊಂಡಿತು, ಇವತ್ತಿಗೂ ಸಾಯುತ್ತಿಲ್ಲ. ಲ್ಯಾಕ್ಟಿಕ್ ಆಮ್ಲ ಅಂದರೆ ವಿಷ, ಮೈಕೈ ನೋವಿಗೆಲ್ಲ ಅದೇ ಕಾರಣ ಅನ್ನುವ ಮಾತು. ಸುಳ್ಳು. ಮೈಯಲ್ಲಿ ಅದು ಇರುವುದು ಲ್ಯಾಕ್ಟೇಟ್ ರೂಪದಲ್ಲಿ, ಮತ್ತು ಲ್ಯಾಕ್ಟೇಟ್ ಕಸ ಅಲ್ಲ, ಇಂಧನ. ಹೃದಯ ಅದನ್ನು ಖುಷಿಯಿಂದ ಉರಿಸುತ್ತದೆ. ಆಟ ನಿಂತು ಸುಮಾರು ಒಂದು ಗಂಟೆಯೊಳಗೆ ಅದು ರಕ್ತದಿಂದ ಇಳಿದು ಹೋಗಿರುತ್ತದೆ. ಮಗನ ಜೊತೆ ಕುಸ್ತಿ ಆಡಿದ ಮಾರನೇ ದಿನ ಬೆಳಿಗ್ಗೆ ಮಂಚದಿಂದ ಏಳಲಾಗದೆ ಇದ್ದರೆ, ಅದಕ್ಕೆ ಕಾರಣ ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಆದ ಸಣ್ಣಪುಟ್ಟ ಹಾನಿ. ಲ್ಯಾಕ್ಟಿಕ್ ಆಮ್ಲವನ್ನು ಬೈದು ಪ್ರಯೋಜನವಿಲ್ಲ.

ಈಗ ಹುಡುಗನ ಕಡೆ ಬರೋಣ. ಅವನ ಗುಟ್ಟು ಇಷ್ಟೇ: ಅವನ ಸ್ನಾಯುಗಳು ಸಾಲ ಮಾಡುವುದೇ ಕಡಿಮೆ. ಒಳ್ಳೆಯ ಬುದ್ಧಿ ಇದೆ ಅಂತಲ್ಲ, ಸಾಲ ಹುಟ್ಟುವುದೇ ಇಲ್ಲ. ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯುವ ಕೆಲಸದಲ್ಲಿ ಫಾಸ್ಫೋಫ್ರಕ್ಟೋಕೈನೇಸ್ ಎಂಬ ಕಿಣ್ವದ್ದು ದೊಡ್ಡ ಪಾತ್ರ. 1970ರ ದಶಕದಲ್ಲಿ ಸ್ವೀಡನ್‌ನ ವಿಜ್ಞಾನಿಗಳು 11ರಿಂದ 13 ವರ್ಷದ ಹುಡುಗರ ತೊಡೆಯಿಂದ ಸೂಜಿಯಲ್ಲಿ ಸ್ನಾಯುವಿನ ಚೂರು ತೆಗೆದು ನೋಡಿದ್ದರು. ಈ ಕಿಣ್ವದ ಚಟುವಟಿಕೆ ದೊಡ್ಡವರಿಗಿಂತ ಬಹಳ ಕಡಿಮೆ ಇತ್ತು. (ಇವತ್ತು ಇಂಥ ಪ್ರಯೋಗಕ್ಕೆ ಯಾವ ಅಮ್ಮನೂ ಒಪ್ಪುವುದಿಲ್ಲ ಬಿಡಿ.) ಮೇಲಾಗಿ ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿರುತ್ತವೆ. ಕೆಲವು ಜೋರಾಗಿ ಎಳೆದು ಬೇಗ ಸುಸ್ತಾಗುತ್ತವೆ. ಕೆಲವು ನಿಧಾನವಾಗಿ ಎಳೆದು ಬಹಳ ಹೊತ್ತು ತಾಳುತ್ತವೆ. ಮಕ್ಕಳು ಜೋರಿನ ಎಳೆಗಳನ್ನು ದೊಡ್ಡವರಷ್ಟು ಬಳಸುವುದಿಲ್ಲ.

ಸಾಲ ಇಲ್ಲದಿದ್ದರೆ ಸಂಬಳ ಬೇಗ ಬರಬೇಕು. ಬರುತ್ತದೆ. ಮೈ ಚಿಕ್ಕದು, ರಕ್ತ ಓಡಬೇಕಾದ ದಾರಿಯೂ ಚಿಕ್ಕದು. ಆಟ ಶುರುವಾದಾಗ ಆಮ್ಲಜನಕದ ಬಳಕೆ ದೊಡ್ಡವರಿಗಿಂತ ಬೇಗ ಏರುತ್ತದೆ. ಖಾಲಿಯಾದ ಚಿಲ್ಲರೆ, ಅಂದರೆ ಫಾಸ್ಫೋಕ್ರಿಯೇಟಿನ್, ಬೇಗ ಮತ್ತೆ ತುಂಬುತ್ತದೆ. ಅಪ್ಪ ಬಡ್ಡಿ ಕಟ್ಟುತ್ತಾ ಕೂತಿರುವಾಗ ಮಗನ ಜೇಬು ತುಂಬಿರುತ್ತದೆ.

ಇದಕ್ಕೆ ತಕ್ಕಂತೆ ಮಕ್ಕಳ ಆಟದ ತಾಳವೂ ಇದೆ. 1995ರಲ್ಲಿ ಅಮೆರಿಕದ ಸಂಶೋಧಕರು 6ರಿಂದ 10 ವರ್ಷದ ಮಕ್ಕಳನ್ನು ಗಂಟೆಗಟ್ಟಲೆ ಹಿಂಬಾಲಿಸಿ, ಕೆಲವು ಸೆಕೆಂಡಿಗೊಮ್ಮೆ ಅವರು ಏನು ಮಾಡುತ್ತಿದ್ದಾರೆ ಅಂತ ಬರೆದುಕೊಂಡರು. ಹಾಗೆ ಬರೆದುಕೊಂಡವರ ತಾಳ್ಮೆಗೆ ಒಂದು ನಮಸ್ಕಾರ. ಜೋರಿನ ಆಟದ ಪ್ರತಿ ತುಣುಕೂ ಸಾಮಾನ್ಯವಾಗಿ 3 ಸೆಕೆಂಡಿನದು. ನೂರರಲ್ಲಿ 95 ತುಣುಕುಗಳು 15 ಸೆಕೆಂಡಿನೊಳಗೆ ಮುಗಿಯುತ್ತಿದ್ದವು. ಜಿಗಿ, ನಿಲ್ಲು, ಕಿರುಚು, ಓಡು, ಬೀಳು, ನಗು. ನೋಡುವವರಿಗೆ ಒಂದೇ ಸಮನೆ ಕುಣಿದಂತೆ ಕಾಣುತ್ತದೆ. ನಿಜವಾಗಿ ಮಧ್ಯೆ ಮಧ್ಯೆ ಪುಟ್ಟ ಪುಟ್ಟ ವಿರಾಮಗಳಿರುತ್ತವೆ, ಹುಡುಗನಿಗೆ ಅಷ್ಟೇ ಸಾಕು. ಆ ತಾಳಕ್ಕೆ ಕುಣಿಯಲು ಹೋದ ದೊಡ್ಡವರಿಗೆ ಸಾಲದ ಮೇಲೆ ಸಾಲ.

ಇಷ್ಟು ಸೊಗಸಾದ ಕಾರಣ ಇರುವಾಗ ಜನ ಬೇರೆ ಏನೇನೋ ಹೇಳುವುದನ್ನು ಕೇಳಿದರೆ ನನಗೆ ರೇಗುತ್ತದೆ. ಎಲ್ಲಕ್ಕಿಂತ ಜಾಸ್ತಿ ಓಡಾಡುವ ಮಾತು ಹಾರ್ಮೋನಿನದು. ನಾಲ್ಕು ವರ್ಷಕ್ಕೆ ಹುಡುಗರ ಮೈಯಲ್ಲಿ ಟೆಸ್ಟೋಸ್ಟೆರಾನ್ ಇದ್ದಕ್ಕಿದ್ದಂತೆ ದುಪ್ಪಟ್ಟಾಗುತ್ತದಂತೆ, ಅದಕ್ಕೇ ಅವರು ಗೋಡೆ ಹತ್ತುತ್ತಾರಂತೆ. ಪೋಷಕರಿಗೆ ಬುದ್ಧಿ ಹೇಳುವವರು ಇದನ್ನು ಬಹಳ ಗಂಭೀರವಾಗಿ ಹೇಳುತ್ತಾರೆ. ರಕ್ತ ಪರೀಕ್ಷೆಗಳಲ್ಲಿ ಕಾಣುವುದೇ ಬೇರೆ. ಹುಟ್ಟಿ ಒಂದರಿಂದ ಮೂರು ತಿಂಗಳಾಗುವಾಗ ಗಂಡುಮಗುವಿನಲ್ಲಿ ಈ ಹಾರ್ಮೋನು ಒಮ್ಮೆ ಏರುತ್ತದೆ. ಸುಮಾರು ಆರು ತಿಂಗಳಿಗೆ ಇಳಿದು ಹೋಗುತ್ತದೆ. ಆಮೇಲೆ ಹರೆಯ ಬರುವವರೆಗೂ ತಳದಲ್ಲೇ ಇರುತ್ತದೆ. ನಾಲ್ಕು ವರ್ಷಕ್ಕೆ ಯಾವ ಉಬ್ಬರವೂ ಇಲ್ಲ. ಹೊಟ್ಟೆಯಲ್ಲಿರುವಾಗಿನ ಹಾರ್ಮೋನು ಮುಂದೆ ಮಕ್ಕಳು ಎಂಥ ಆಟ ಇಷ್ಟಪಡುತ್ತಾರೆ ಅನ್ನುವುದರ ಮೇಲೆ ಸ್ವಲ್ಪ ಪ್ರಭಾವ ಬೀರುವುದು ನಿಜ. ಅದು ಬೇರೆ ವಿಷಯ.

ನಾಲ್ಕೈದು ವರ್ಷದ ಸುಮಾರಿಗೆ ನಿಜವಾಗಿ ತಾರಕಕ್ಕೆ ಏರುವುದು ಮೆದುಳಿನ ಹಸಿವು. ಕ್ರಿಸ್ಟೋಫರ್ ಕುಜಾವಾ ಮತ್ತು ಸಂಗಡಿಗರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಕಾರ, ಐದು ವರ್ಷದ ಹೊತ್ತಿಗೆ ದೇಹ ದಿನಕ್ಕೆ ಬಳಸುವ ಶಕ್ತಿಯಲ್ಲಿ ಶೇಕಡ 40ಕ್ಕೂ ಹೆಚ್ಚು ಭಾಗವನ್ನು ಮೆದುಳೇ ನುಂಗುತ್ತದೆ. ಆ ವಯಸ್ಸಿನಲ್ಲಿ ಮೈ ಬೆಳೆಯುವುದು ನಿಧಾನವಾಗುವುದೂ ಅದಕ್ಕೇ ಇರಬಹುದು ಎಂಬುದು ಅವರ ವಾದ. ಸೋಫಾದ ಮೇಲೆ ತಲೆಕೆಳಗಾಗಿ ನೇತಾಡುತ್ತಿರುವ ಮಗನ ಊಟದ ದೊಡ್ಡ ಪಾಲು ತಲೆಗೇ ಹೋಗುತ್ತಿದೆ. ನಂಬೋಕೆ ಕಷ್ಟ, ಆದರೆ ನಿಜ.

ಇನ್ನು ಸಿಹಿ ತಿಂದರೆ ಹುಚ್ಚು ಕುಣಿತ ಅನ್ನುವ ನಂಬಿಕೆ. 1994ರ ಒಂದು ಪ್ರಯೋಗವನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ನಮ್ಮ ಮಗನಿಗೆ ಸಕ್ಕರೆ ಆಗಿಬರಲ್ಲ ಅನ್ನುತ್ತಿದ್ದ ಅಮ್ಮಂದಿರನ್ನು, ಅವರ 5ರಿಂದ 7 ವರ್ಷದ ಗಂಡುಮಕ್ಕಳನ್ನು ಕರೆಸಿದರು. ಎಲ್ಲ ಹುಡುಗರಿಗೂ ಕೊಟ್ಟದ್ದು ಸಕ್ಕರೆ ಇಲ್ಲದ ಕೃತಕ ಸಿಹಿ. ಆದರೆ ಅರ್ಧದಷ್ಟು ಅಮ್ಮಂದಿರಿಗೆ ನಿಮ್ಮ ಮಗ ಸಕ್ಕರೆ ತಿಂದಿದ್ದಾನೆ ಅಂತ ಸುಳ್ಳು ಹೇಳಿದರು. ಆ ಅಮ್ಮಂದಿರಿಗೆ ಮಗನ ತಂಟೆ ಜಾಸ್ತಿ ಕಂಡಿತು. ಅವರು ಮಗನ ಹತ್ತಿರ ಹತ್ತಿರವೇ ಸುಳಿದಾಡಿದರು, ಜಾಸ್ತಿ ತಪ್ಪು ಹುಡುಕಿದರು. ಮರುವರ್ಷ 23 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಸಕ್ಕರೆಯಿಂದ ಮಕ್ಕಳ ನಡವಳಿಕೆ ಕೆಡುವುದು ಕಾಣಲಿಲ್ಲ. ಹಲ್ಲು ಹಾಳಾಗುತ್ತದೆ ಅಂತ ಸಕ್ಕರೆ ಕಡಿಮೆ ಕೊಡಿ, ಅದು ಸರಿಯಾದ ಕಾರಣ.

ಮತ್ತೆ ಹೆಣ್ಣುಮಕ್ಕಳು? ಅವರ ಸ್ನಾಯುವಿನ ಕಥೆಯೂ ಹೆಚ್ಚು ಕಡಿಮೆ ಇದೇ. ಸರಾಸರಿ ತೆಗೆದರೆ ಹುಡುಗರ ಓಡಾಟ ಸ್ವಲ್ಪ ಜಾಸ್ತಿ. 1986ರ ಒಂದು ದೊಡ್ಡ ಸಮೀಕ್ಷೆಯ ಲೆಕ್ಕ ಹಿಡಿದರೆ, ಸಾಧಾರಣ ಹುಡುಗನಿಗಿಂತ ಹೆಚ್ಚು ಓಡಾಡುವ ಹುಡುಗಿಯರು ನೂರಕ್ಕೆ ಮೂವತ್ತರಷ್ಟು ಇರುತ್ತಾರೆ. ಗಂಡುಮಕ್ಕಳು ಹಾಗೇ ಬಿಡಿ ಅಂತ ಕೈಚೆಲ್ಲುವ ಮುಂಚೆ ಅವರನ್ನೂ ಒಮ್ಮೆ ನೆನೆಯಬೇಕು.

ಹರೆಯ ಬಂದಾಗ ಎಲ್ಲ ಬದಲಾಗುತ್ತದೆ. ಟೆಸ್ಟೋಸ್ಟೆರಾನ್ ಈಗ ನಿಜವಾಗಿಯೇ ಏರುತ್ತದೆ. ಸ್ನಾಯು ದಪ್ಪವಾಗುತ್ತದೆ, ಜೋರಿನ ಎಳೆಗಳು ಬಲಿಯುತ್ತವೆ, ಸಾಲ ಮಾಡುವ ವಿದ್ಯೆ ಕರಗತವಾಗುತ್ತದೆ. ಹದಿನೈದರ ಹುಡುಗ ತಮ್ಮನಿಗಿಂತ ಎಷ್ಟೋ ವೇಗವಾಗಿ ಓಡಬಲ್ಲ. ಓಡಿ ಬಂದು ತಮ್ಮನಿಗಿಂತ ಎಷ್ಟೋ ಹೊತ್ತು ಸೋಫಾದ ಮೇಲೆ ಬಿದ್ದುಕೊಳ್ಳಬಲ್ಲ ಕೂಡ.

ಇಷ್ಟು ಕೇಳಿದ ಮೇಲೆ ಯಾವ ಅಮ್ಮನಾದರೂ ಒಂದು ತಕರಾರು ತೆಗೆಯುತ್ತಾಳೆ. ಮನೆಯೊಳಗೆ ದಿನವಿಡೀ ಜಿಗಿದ ಐದು ವರ್ಷದವನು, ಹೊರಗೆ ಕೈ ಹಿಡಿದುಕೊಂಡು ಸ್ವಲ್ಪ ದೂರ ನಡೆದರೆ 'ಕಾಲು ನೋಯ್ತಿದೆ, ಎತ್ಕೊ' ಅನ್ನುತ್ತಾನಲ್ಲ, ಅದು ನಾಟಕವೇ? ಸ್ವಲ್ಪ ನಾಟಕ ಇದ್ದೇ ಇರುತ್ತದೆ. ಉಳಿದದ್ದು ಹಡಗಿನ ಲೆಕ್ಕ.

19ನೇ ಶತಮಾನದಲ್ಲಿ ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಪುಟ್ಟ ಪುಟ್ಟ ಹಡಗಿನ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು, ಅದರಿಂದ ದೊಡ್ಡ ಹಡಗುಗಳ ಮೇಲೆ ಬೀಳುವ ನೀರಿನ ತಡೆಯನ್ನು ಅಂದಾಜು ಮಾಡುತ್ತಿದ್ದರು. ವೇಗವನ್ನು ಉದ್ದದ ಜೊತೆ ಸೇರಿಸಿ ನೋಡುವ ಒಂದು ಸಂಖ್ಯೆಗೆ ಅವರ ಹೆಸರೇ ಉಳಿಯಿತು. 1976ರಲ್ಲಿ ಮೆಕ್‌ನೀಲ್ ಅಲೆಕ್ಸಾಂಡರ್ ಎಂಬ ಪ್ರಾಣಿವಿಜ್ಞಾನಿ ಅದೇ ಸಂಖ್ಯೆಯ ನೆರವಿನಿಂದ, ಕಲ್ಲಿನಲ್ಲಿ ಉಳಿದ ಹೆಜ್ಜೆ ಗುರುತು ನೋಡಿ ಡೈನೋಸಾರ್‌ಗಳ ವೇಗ ಅಂದಾಜು ಮಾಡಿದರು. ಇದನ್ನು ಮಗನಿಗೆ ಹೇಳಿ ನೋಡಿ. ಕಾಲು ನೋವು ಸ್ವಲ್ಪ ಹೊತ್ತು ಮರೆಯುತ್ತದೆ.

ಈ ಲೆಕ್ಕದಲ್ಲಿ ಕಾಲಿನ ಉದ್ದವೇ ಮುಖ್ಯ. ಕಾಲು 90 ಸೆಂಟಿಮೀಟರ್ ಇದ್ದರೆ ನಡಿಗೆ ತಾನಾಗಿ ಓಟಕ್ಕೆ ತಿರುಗುವುದು ಗಂಟೆಗೆ ಸುಮಾರು 7.5 ಕಿಲೋಮೀಟರ್ ವೇಗದಲ್ಲಿ. ಕಾಲು 50 ಸೆಂಟಿಮೀಟರ್ ಇದ್ದರೆ ಸುಮಾರು 5.6ಕ್ಕೇ. ದೊಡ್ಡವರು ಅವಸರದಲ್ಲಿ ನಡೆಯುವುದು ಹೆಚ್ಚು ಕಡಿಮೆ 5.5ರಲ್ಲಿ. ನಮಗೆ ಅದು ಆರಾಮಿನ ಬಿರುಸು ನಡಿಗೆ. ಪಕ್ಕದಲ್ಲಿ ಎಳೆದುಕೊಂಡು ಬರುತ್ತಿರುವವನಿಗೆ ಅದು ಓಟದ ಅಂಚು. ಕೈ ಬೇರೆ ಹಿಡಿದಿದ್ದೇವೆ, ಅವನಿಗೆ ಬೇಕಾದ ಆ ಪುಟ್ಟ ವಿರಾಮಗಳೂ ಸಿಗುವುದಿಲ್ಲ.

ಬಯಲು ಸಿಕ್ಕಾಗ ಕೈ ಬಿಟ್ಟು ನೋಡಿ. ಮುಂದೆ ಓಡುತ್ತಾನೆ, ಇರುವೆ ಸಾಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂರುತ್ತಾನೆ, ಹಿಂದೆ ಬಂದು ಸುದ್ದಿ ಹೇಳಿ ಮತ್ತೆ ಓಡುತ್ತಾನೆ. ನಮಗಿಂತ ಜಾಸ್ತಿ ದೂರ ಓಡಾಡಿದ್ದರೂ ಕಾಲು ನೋವಿನ ಸುದ್ದಿಯೇ ಇರುವುದಿಲ್ಲ. ವಾಹನ ಓಡಾಡುವ ರಸ್ತೆಯಲ್ಲಿ ಕೈ ಬಿಡುವ ಹಾಗಿಲ್ಲ. ಅಲ್ಲಿ ಒಂದೋ ನಾವು ಗಂಟೆಗೆ 4 ಕಿಲೋಮೀಟರಿಗೆ ಇಳಿಯಬೇಕು, ಇಲ್ಲವೇ ಅವನನ್ನು ಎತ್ತಿಕೊಳ್ಳಬೇಕು. ಹದಿನೆಂಟು ಕಿಲೋ ಹೊತ್ತು ಏರುದಾರಿ ಹತ್ತುವಾಗ ನಮ್ಮ ಸ್ನಾಯುಗಳು ಎಷ್ಟು ಬಡ್ಡಿಗೆ ಸಾಲ ತರುತ್ತವೆ ಅಂತ ಬೇರೆ ಹೇಳಬೇಕಾಗಿಲ್ಲ.