ತುಂಬಿಸುವ ಮೊದಲು ಕೇಳಿ: ಹೋಯಿತೆಲ್ಲಿಗೆ?

ಸರ್ವಿಸ್‌ಗೆ ಬಂದ ಕಾರಿನ ಡಿಕ್ಕಿ ತೆರೆದಾಗ ನನ್ನ ಕಣ್ಣು ಮೊದಲು ಹುಡುಕುವುದು ನೀರಿನ ಬಾಟಲಿಯನ್ನು. ಕುಡಿಯುವ ನೀರಿನದಲ್ಲ. ಸ್ಟೆಪ್ನಿಯ ಪಕ್ಕದಲ್ಲಿ ಅಡ್ಡ ಬಿದ್ದಿರುವ, ಲೇಬಲ್ ಕಿತ್ತುಹೋದ, ಅರ್ಧ ಖಾಲಿಯಾದ ಎರಡು ಲೀಟರಿನ ಬಾಟಲಿ. ಅದು ಕಂಡರೆ ಬಾನೆಟ್ ಎತ್ತುವ ಮೊದಲೇ ಅರ್ಧ ಕಾಯಿಲೆ ಗೊತ್ತಾಗಿಬಿಡುತ್ತದೆ.

ಕಳೆದ ತಿಂಗಳು ಬಂದ ಒಂದು ಕಾರಿನಲ್ಲೂ ಅದೇ ಬಾಟಲಿ. "ಕೂಲಂಟ್ ಸ್ವಲ್ಪ ಕಡಿಮೆ ಆಗ್ತಾ ಇರುತ್ತೆ ಸಾರ್. ವಾರಕ್ಕೊಂದ್ಸಲ ನಾನೇ ನೀರು ಹಾಕ್ಕೋತೀನಿ, ಏನೂ ತೊಂದ್ರೆ ಇಲ್ಲ" ಎಂದರು ಮಾಲೀಕರು. ಎಷ್ಟು ದಿನದಿಂದ ಎಂದು ಕೇಳಿದೆ. ಒಂದಾರು ತಿಂಗಳಿಂದ ಇರಬಹುದಂತೆ. ಗಾಡಿಯನ್ನು ಮುತುವರ್ಜಿಯಿಂದ ನೋಡಿಕೊಳ್ಳುತ್ತಿದ್ದೇನೆ ಎಂಬ ಸಮಾಧಾನ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅವರನ್ನೂ ದೂರುವಂತಿಲ್ಲ. ಕಡಿಮೆಯಾದದ್ದನ್ನು ತುಂಬಿಸಿಕೊಂಡು ಹೋಗುವುದೇ ಮೇಂಟೆನೆನ್ಸ್ ಎಂದು ಹೆಚ್ಚಿನವರು ತಿಳಿದಿದ್ದಾರೆ. ಎಷ್ಟೋ ಗ್ಯಾರೇಜುಗಳಲ್ಲೂ ಸರ್ವಿಸ್ ಎಂದರೆ ಅಷ್ಟೇ.

ಒಂದು ಲೆಕ್ಕ ಇಟ್ಟುಕೊಳ್ಳಿ. ಕಾರಿನಲ್ಲಿ ಖರ್ಚಾಗಲೆಂದೇ ಇರುವ ದ್ರವಗಳು ಎರಡು: ಇಂಧನ ಮತ್ತು ಮುಂದಿನ ಗಾಜು ತೊಳೆಯುವ ವೈಪರ್ ನೀರು. ಹೊಸ ಡೀಸೆಲ್ ಗಾಡಿಗಳಲ್ಲಾದರೆ ಹೊಗೆ ಶುದ್ಧ ಮಾಡಲು ಬಳಸುವ ಯೂರಿಯಾ ದ್ರಾವಣ ಮೂರನೆಯದು. ಇವನ್ನು ಕಣ್ಣುಮುಚ್ಚಿ ತುಂಬಿಸಬಹುದು. ಉಳಿದದ್ದು ಯಾವುದೇ ಕಡಿಮೆಯಾಗಲಿ, ತುಂಬಿಸುವ ಮೊದಲು ಅದು ಎಲ್ಲಿಗೆ ಹೋಯಿತು ಎಂದು ಕೇಳಬೇಕು.

ಕೂಲಂಟನ್ನೇ ತೆಗೆದುಕೊಳ್ಳಿ. ಎಂಜಿನ್ನಿನ ಶಾಖವನ್ನು ಹೊತ್ತು ರೇಡಿಯೇಟರಿಗೆ ತಂದು, ಗಾಳಿಗೆ ಬಿಟ್ಟು, ಮತ್ತೆ ಎಂಜಿನ್ನಿಗೆ ಮರಳುವ ಮುಚ್ಚಿದ ದಾರಿ ಅದರದು. ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಅರ್ಧಕ್ಕರ್ಧ ಬೆರೆಸಿದರೆ ತೆರೆದ ಪಾತ್ರೆಯಲ್ಲಿ ಅದು ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒಳಗೆ ಸುಮಾರು 15 ಪಿಎಸ್‌ಐ ಒತ್ತಡ ಹಿಡಿದಿಟ್ಟರೆ ಕುದಿಯುವ ಮಟ್ಟ 129ರ ಹತ್ತಿರಕ್ಕೆ ಏರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬೇಡಿ ಎಂದು ನಾವು ಗಂಟಲು ಹರಿದುಕೊಳ್ಳುವುದು ಇದಕ್ಕೇ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಬಿದ್ದುಹೋಗುತ್ತದೆ, ಅಲ್ಲಿಯವರೆಗೆ ಸುಮ್ಮನಿದ್ದ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮಟ್ಟ ನೋಡಬೇಕಿದ್ದರೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಪಾರದರ್ಶಕ ಪ್ಲಾಸ್ಟಿಕ್ ಟ್ಯಾಂಕಿನ ಹೊರಗಿನಿಂದಲೇ ನೋಡಿದರೆ ಸಾಕು.

ಮುಚ್ಚಿದ ದಾರಿಯಿಂದ ವಾರಕ್ಕೆ ಅರ್ಧ ಲೀಟರ್ ಹೋಗುತ್ತಿದೆ ಎಂದರೆ ಅದು ಹೊರಗೆ ಸೋರುತ್ತಿರಬೇಕು, ಇಲ್ಲವೇ ಎಂಜಿನ್ನಿನೊಳಗೇ ಸುಟ್ಟು ಹೋಗುತ್ತಿರಬೇಕು. ಒಳಗೆ ಹೋಗುತ್ತಿದ್ದರೆ ಎಂಜಿನ್ನಿನ ತಲೆಭಾಗಕ್ಕೂ ಕೆಳಭಾಗಕ್ಕೂ ನಡುವೆ ಕೂತು ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ, ಅದಕ್ಕೊಂದು ಸಿಹಿ ವಾಸನೆ; ಆಯಿಲ್ ಮುಚ್ಚಳದ ಅಡಿಯಲ್ಲಿ ಕೆನೆಯಂಥ ಲೇಪ. ಈ ಎರಡೂ ಒಟ್ಟಿಗೆ ಕಂಡರೆ ಗಾಡಿ ಓಡಿಸಬೇಡಿ. ಚಳಿಗೆ ಬೆಳಿಗ್ಗೆ ಎರಡು ನಿಮಿಷ ಬಂದು ನಿಲ್ಲುವ ಆವಿ ಬೇರೆ, ಅದಕ್ಕೆ ಹೆದರಬೇಕಿಲ್ಲ.

ಆ ಕಾರಿನಲ್ಲಿ ಹಾಗೇನೂ ಆಗಿರಲಿಲ್ಲ. ಟಾರ್ಚ್ ಹಿಡಿದು ಕೆಳಗೆ ಮಲಗಿದೆ. ವಾಟರ್ ಪಂಪಿನ ಹೊಟ್ಟೆಯಲ್ಲಿ ಬೆಂಕಿಕಡ್ಡಿ ತೂರುವಷ್ಟು ಸಣ್ಣ ತೂತೊಂದಿರುತ್ತದೆ. ತಯಾರಿಸುವವರು ಬೇಕೆಂದೇ ಬಿಟ್ಟದ್ದು. ಪಂಪಿನ ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗಿಗೆ ನುಗ್ಗದೆ ಆ ತೂತಿನಿಂದ ಹೊರಗೆ ಹನಿಯಲಿ, ನೋಡುವವರಿಗೆ ಸುಳಿವು ಸಿಗಲಿ ಎಂದು. ತೂತಿನ ಕೆಳಗೆ ಗುಲಾಬಿ ಬಣ್ಣದ ಹುಡಿ ಹೆಪ್ಪುಗಟ್ಟಿತ್ತು. ಬಿಸಿ ಲೋಹದ ಮೇಲೆ ಹನಿ ಅಲ್ಲಲ್ಲೇ ಒಣಗುತ್ತಿದ್ದರಿಂದ ನೆಲಕ್ಕೆ ಒಂದು ತೊಟ್ಟೂ ಬಿದ್ದಿರಲಿಲ್ಲ. ಪಂಪು ಆರು ತಿಂಗಳಿಂದ ಹೇಳುತ್ತಲೇ ಇತ್ತು, ಬಾಟಲಿ ಅದರ ಬಾಯಿ ಮುಚ್ಚಿಸುತ್ತಿತ್ತು. ಅಷ್ಟು ದಿನ ಬರೀ ನೀರು ಸುರಿದದ್ದರಿಂದ ಟ್ಯಾಂಕಿನಲ್ಲಿ ಉಳಿದಿದ್ದದ್ದು ಬಣ್ಣದ ನೆನಪಿರುವ ನೀರು ಮಾತ್ರ. ತುಕ್ಕು ತಡೆಯುವ ರಾಸಾಯನಿಕವೆಲ್ಲ ತೆಳುವಾಗಿ ಹೋಗಿತ್ತು, ಕುದಿಯುವ ಮಟ್ಟವೂ ಇಳಿದಿತ್ತು. ಪಂಪು ಬದಲಿಸಿ, ಇಡೀ ದಾರಿ ತೊಳೆದು ಹೊಸ ಕೂಲಂಟ್ ತುಂಬಿದೆವು. ಹೀಗೆ ಬಸಿದು ತೆಗೆದ ಹಳೆಯ ಕೂಲಂಟನ್ನು ತೆರೆದ ಪಾತ್ರೆಯಲ್ಲಿ ಬಿಡಬಾರದು. ರುಚಿ ಸಿಹಿ, ಆದರೆ ವಿಷ. ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಎಂಜಿನ್ ಆಯಿಲಿನದು ಇಷ್ಟು ನೇರ ಅಲ್ಲ. ಆರೋಗ್ಯವಾಗಿರುವ ಎಂಜಿನ್ನೂ ಸ್ವಲ್ಪ ಆಯಿಲ್ ಕುಡಿಯುತ್ತದೆ. ಎಷ್ಟು ಕುಡಿದರೆ ಸಹಜ ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗಿಟ್ಟು ಎಳೆದು ನೋಡಿ. ಮೊದಲ ಎಳೆತದ ಗುರುತನ್ನು ನಂಬಬೇಡಿ. ಅದರ ಮೇಲಿನ ಕನಿಷ್ಠ, ಗರಿಷ್ಠ ಗೆರೆಗಳ ನಡುವಿನ ಅಂತರ ಅನೇಕ ಕಾರುಗಳಲ್ಲಿ ಸುಮಾರು ಒಂದು ಲೀಟರ್. ಬಣ್ಣ ಕಪ್ಪಾಗಿದೆ ಎಂದು ಗಾಬರಿಯಾಗಿ ಬರುವವರಿದ್ದಾರೆ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಆಯಿಲಿನ ಕೆಲಸ, ಅದನ್ನು ಮಾಡುತ್ತಿದೆ ಎಂದರ್ಥ.

ಡಬ್ಬದ ಮೇಲಿನ 5ಡಬ್ಲ್ಯು-30 ಎಂಬ ಬರಹವನ್ನೂ ಜನ ಕೇಳುತ್ತಾರೆ. ಡಬ್ಲ್ಯು ಎಂದರೆ ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ, ಸಣ್ಣದಾದಷ್ಟೂ ಚುರುಕು. ಎರಡನೆಯದು 100 ಡಿಗ್ರಿಯಲ್ಲಿ ಅದರ ಮಂದತ್ವಕ್ಕೆ. ದಪ್ಪ ಆಯಿಲ್ ಹಾಕಿದರೆ ಎಂಜಿನ್ ಗಟ್ಟಿ ಎಂಬ ನಂಬಿಕೆ ಹಳೆಯದು. ಈಗಿನ ಎಂಜಿನ್ನುಗಳ ಸಂದುಗಳು ಕೂದಲಿಗಿಂತ ಕಿರಿದು, ದಪ್ಪ ಆಯಿಲ್ ಅಲ್ಲಿಗೆ ತಲುಪುವುದು ತಡ. ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಿ.

ಮಟ್ಟ ಬೇಗ ಬೇಗ ಇಳಿಯುತ್ತಿದ್ದರೆ ಸೈಲೆನ್ಸರ್ ಕಡೆ ನೋಡಿ. ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬುಸ್ಸೆಂದು ಬಂದು ನಿಂತರೆ ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಸೋತಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ನಿನ ಸುತ್ತ ಬಿಗಿಯಾಗಿ ಕೂರುವ ಪಿಸ್ಟನ್ ರಿಂಗು ಸವೆದಿರುತ್ತದೆ. ಮೊದಲನೆಯದು ಸಣ್ಣ ಕೆಲಸ, ಎರಡನೆಯದು ಎಂಜಿನ್ ಬಿಚ್ಚುವ ಕೆಲಸ. ಆದರೆ ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಆಯಿಲ್ ಏರಿದಾಗ. ಹಾಕದ ಆಯಿಲ್ ಹೆಚ್ಚಾಗುವುದಾದರೂ ಹೇಗೆ? ಬೇರೇನೋ ಬಂದು ಸೇರಿದೆ ಅಂತಲೇ. ಹೊಗೆ ಫಿಲ್ಟರ್ ಇರುವ ಡೀಸೆಲ್ ಕಾರನ್ನು ದಿನಾ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಲ್ಲಿ ಇದನ್ನು ಕಾಣುತ್ತೇನೆ. ಫಿಲ್ಟರಿನ ಮಸಿ ಸುಡಲೆಂದು ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ, ಕೆಲಸ ಮುಗಿಯುವ ಮೊದಲೇ ಗಾಡಿ ನಿಂತುಬಿಡುತ್ತದೆ, ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕನ್ನು ಮೂಸಿದರೆ ಗೊತ್ತಾಗುತ್ತದೆ. ಆಯಿಲ್ ಬದಲಿಸಿ, ಆಗಾಗ ಗಾಡಿಯನ್ನು ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಎನ್ನುತ್ತೇನೆ.

ಬ್ರೇಕ್ ಆಯಿಲ್ ವಿಷಯಕ್ಕೆ ಬಂದರೆ ನನ್ನದೇ ಒಂದು ಮಾನಗೇಡಿನ ಕಥೆ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸರ್ವಿಸ್‌ಗೆ ಬಂದ ಪ್ರತಿ ಕಾರಿಗೂ ಬ್ರೇಕ್ ಆಯಿಲನ್ನು ಮ್ಯಾಕ್ಸ್ ಗೆರೆಯವರೆಗೆ ತುಂಬಿಸಿ ಬಿಡುತ್ತಿದ್ದೆ. ಯಾರೂ ಹೇಳದೆ ಮಾಡುತ್ತಿದ್ದ ಉಪಕಾರ. ಅಂಥದ್ದೊಂದು ಕಾರು ಕೆಲವು ತಿಂಗಳ ಮೇಲೆ ಬ್ರೇಕ್ ಪ್ಯಾಡ್ ಬದಲಿಸಲು ಬಂತು. ಪ್ಯಾಡ್ ಸವೆದು ತಗಡು ಉಳಿದಿತ್ತು, ಡಿಸ್ಕಿನ ಮೇಲೆ ಗೀರು ಬಿದ್ದಿತ್ತು. ಹೊಸ ಪ್ಯಾಡ್ ಕೂರಿಸಲು ಪ್ಯಾಡನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಮೇಲಿನ ಡಬ್ಬಿಯಿಂದ ಆಯಿಲ್ ಉಕ್ಕಿ ಬಣ್ಣದ ಮೇಲೆ ಹರಿಯಿತು. ಬ್ರೇಕ್ ಆಯಿಲ್ ಬಿದ್ದಲ್ಲಿ ಪೇಂಟ್ ಉಳಿಯುವುದಿಲ್ಲ. ಉಸ್ತಾದ್ ಕೂಗಾಡಲಿಲ್ಲ. "ಹೋದ ಸಲ ಈ ಡಬ್ಬಿ ತುಂಬಿಸಿದವನು ಯಾರೋ?" ಎಂದಷ್ಟೇ ಕೇಳಿ, ಒದ್ದೆ ಬಟ್ಟೆ ನನ್ನ ಕೈಗೆ ಕೊಟ್ಟರು.

ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಸರಿಯುತ್ತದೆ, ಅದರ ಹಿಂದೆ ಖಾಲಿಯಾದ ಜಾಗಕ್ಕೆ ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಅಂದರೆ ಮ್ಯಾಕ್ಸ್‌ನಿಂದ ಮಿನ್‌ಗೆ ನಿಧಾನವಾಗಿ ಇಳಿಯುವ ಮಟ್ಟ ಪ್ಯಾಡಿನ ದಪ್ಪವನ್ನೇ ತೋರಿಸುವ ಅಳತೆಗೋಲು. ಸುಮ್ಮನೆ ತುಂಬಿಸಿದವನು ಅದನ್ನು ಅಳಿಸಿಹಾಕಿದಂತೆ. ಇಳಿದಾಗ ಚಕ್ರ ಬಿಚ್ಚಿ ಪ್ಯಾಡ್ ನೋಡಿ: ಹೊಸದು ಸುಮಾರು 10 ಮಿಲಿಮೀಟರ್ ಇರುತ್ತದೆ, 3ಕ್ಕೆ ಬಂದರೆ ಬದಲಿಸಿ. ಒಂದೇ ವಾರದಲ್ಲಿ ಸರ್ರನೆ ಇಳಿದಿದ್ದರೆ ಮಾತ್ರ ಅದು ಸೋರಿಕೆ. ಗಾಡಿ ಅಲ್ಲೇ ನಿಲ್ಲಲಿ.

ಇನ್ನೊಂದು ಮಾತು. ಹೆಸರಿಗೆ ಆಯಿಲ್, ಆದರೆ ಇದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯದು. ಇದಕ್ಕೆ ಎಂಜಿನ್ ಆಯಿಲ್ ಬೆರೆತರೆ ರಬ್ಬರ್ ಸೀಲುಗಳು ಊದಿ ಬ್ರೇಕೇ ಕೈಕೊಡುತ್ತದೆ. ಮಟ್ಟ ಕಡಿಮೆಯಾಗದಿದ್ದರೂ ಇದು ಗಾಳಿಯ ತೇವ ಹೀರಿಕೊಂಡು ಕೆಡುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಕುಸಿಯುತ್ತದೆ. ಉದ್ದನೆಯ ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಕಾದು ಕುದಿದು ಆವಿಯಾಗುತ್ತದೆ. ಆವಿ ಅದುಮಿಕೊಳ್ಳುತ್ತದೆ, ಒತ್ತಡ ಚಕ್ರಕ್ಕೆ ಮುಟ್ಟುವುದಿಲ್ಲ, ಪೆಡಲ್ ನೆಲಕ್ಕೆ ಹೋಗುತ್ತದೆ. ಇದನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು, ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬರುವುದು ಈ ಕಾರಣಕ್ಕೆ.

ಎಸಿ ಗ್ಯಾಸಿನ ಕಥೆಯೂ ಇದೇ. ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸುವುದನ್ನು ಕೆಲವರು ವ್ರತದಂತೆ ಮಾಡುತ್ತಾರೆ. ಗ್ಯಾಸ್ ಉರಿದು ಹೋಗುವ ವಸ್ತುವಲ್ಲ. ರಬ್ಬರ್ ಪೈಪಿನಿಂದ ವರ್ಷಗಟ್ಟಲೆ ಅಷ್ಟಿಷ್ಟು ಜಿನುಗಬಹುದು, ಒಂದೇ ವರ್ಷದಲ್ಲಿ ಖಾಲಿಯಾಯಿತು ಎಂದರೆ ಎಲ್ಲೋ ತೂತಿದೆ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಓಡಾಡುವುದರಿಂದ ಸೋರುವ ಜಾಗದಲ್ಲಿ ಧೂಳು ಹಿಡಿದ ಜಿಡ್ಡಿನ ಕಲೆ ಇರುತ್ತದೆ. ಅದನ್ನು ಹುಡುಕದೆ ಗ್ಯಾಸ್ ತುಂಬಿಸಿ ಕಳಿಸುವವರ ಬಗ್ಗೆ ನನಗೆ ಗೌರವ ಇಲ್ಲ.

ಟೈರಿನ ಗಾಳಿ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿ ಇಳಿಯುತ್ತದೆ, ನಾಲ್ಕರಲ್ಲೂ ಇಳಿದಿದ್ದರೆ ಹೊಡೆಸಿಕೊಳ್ಳಿ. ಒಂದರಲ್ಲಿ ಮಾತ್ರ ಇಳಿಯುತ್ತಿದ್ದರೆ ಮೊಳೆಗಿಂತ ಮೊದಲು ವಾಲ್ವ್ ನೋಡಿ, ಬಾಯಿಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಎಷ್ಟು ಗಾಳಿ ಬೇಕೆಂಬುದನ್ನು ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ನೋಡಿ. ಟೈರಿನ ಮೇಲೆ ಬರೆದದ್ದು ಅದು ತಡೆಯುವ ಗರಿಷ್ಠ ಮಿತಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ.

ಬ್ಯಾಟರಿಯಲ್ಲಿ ಖಾಲಿಯಾಗುವುದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಮೋಸ ಹೋಗುವುದು ಸುಲಭ. ಒಂದು ಕಾರು ಎರಡು ದಿನ ನಿಲ್ಲಿಸಿದರೆ ಸೆಲ್ಫ್ ತಿರುಗುತ್ತಿರಲಿಲ್ಲ. ಒಂದೇ ವರ್ಷದಲ್ಲಿ ಎರಡು ಹೊಸ ಬ್ಯಾಟರಿ ಹಾಕಿಸಿದ್ದರು. ಮೀಟರ್ ಹಿಡಿದೆ. ಎಂಜಿನ್ ಓಡುವಾಗ 14.2 ವೋಲ್ಟ್, ಅಂದರೆ ಆಲ್ಟರ್ನೇಟರ್ ಚೆನ್ನಾಗಿ ತುಂಬಿಸುತ್ತಿದೆ. ಚಾರ್ಜ್ ಮಾಡಿ ವಿಶ್ರಾಂತಿಗೆ ಬಿಟ್ಟ ಬ್ಯಾಟರಿ 12.6 ತೋರಿಸಿತು, ಅದೂ ಸರಿ. ಹಾಗಿದ್ದರೆ ಗಾಡಿ ನಿಂತಾಗ ಯಾರೋ ಕುಡಿಯುತ್ತಿದ್ದಾರೆ. ಮೊಬೈಲಿನಲ್ಲಿ ವಿಡಿಯೋ ರೆಕಾರ್ಡಿಂಗ್ ಹಾಕಿ ಡಿಕ್ಕಿಯೊಳಗಿಟ್ಟು ಬಾಗಿಲು ಮುಚ್ಚಿದೆ. ತೆಗೆದು ನೋಡಿದರೆ ಕತ್ತಲಾಗಬೇಕಿದ್ದ ವಿಡಿಯೋದಲ್ಲಿ ಡಿಕ್ಕಿ ಬೆಳಗುತ್ತಿತ್ತು. ಸ್ವಿಚ್ ಕೆಟ್ಟು, 5 ವ್ಯಾಟಿನ ಪುಟ್ಟ ಬಲ್ಬು ಹಗಲು ರಾತ್ರಿ ಉರಿಯುತ್ತಿತ್ತು. ಗಂಟೆಗೆ 0.4 ಆಂಪಿಯರ್-ಅವರ್ ಎಂದರೂ ಎರಡು ದಿನಕ್ಕೆ ಸುಮಾರು 20, ಸಣ್ಣ ಕಾರಿನ ಬ್ಯಾಟರಿಯ ಅರ್ಧದ ಹತ್ತಿರ. ಎರಡು ಬ್ಯಾಟರಿ ನುಂಗಿದ್ದು ಬೆರಳ ತುದಿಯಷ್ಟಿದ್ದ ಆ ಸ್ವಿಚ್ಚು.

ಸೋರದೆ, ಇಳಿಯದೆ ಸದ್ದಿಲ್ಲದೆ ಸವೆಯುವವೂ ಇವೆ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಇವನ್ನೆಲ್ಲ ಕಿಲೋಮೀಟರ್ ನೋಡಿ ಬದಲಿಸಬೇಕು. ಮುಖ್ಯವಾಗಿ ಪಿಸ್ಟನ್ನಿನ ಓಟಕ್ಕೂ ವಾಲ್ವುಗಳ ತೆರೆತಕ್ಕೂ ತಾಳ ಕೂಡಿಸುವ ಟೈಮಿಂಗ್ ಬೆಲ್ಟ್: ಅದು ಕಡಿದರೆ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ ಬಂದು ತೆರೆದ ವಾಲ್ವಿಗೆ ಬಡಿಯುತ್ತದೆ. ನಿಮ್ಮ ಗಾಡಿಯಲ್ಲಿರುವುದು ಬೆಲ್ಟೋ ಚೈನೋ ಎಂದು ಇವತ್ತೇ ತಿಳಿದುಕೊಳ್ಳಿ.

ನಾನು ಗಿರಾಕಿಗಳಿಗೆ ಗ್ಲೋವ್ ಬಾಕ್ಸಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡಲು ಹೇಳುತ್ತೇನೆ. ತಾರೀಖು, ಕಿಲೋಮೀಟರ್, ಏನು ಹಾಕಿದಿರಿ, ಎಷ್ಟು ಹಾಕಿದಿರಿ. "ಆಗಾಗ ಸ್ವಲ್ಪ ಹಾಕ್ತಿರ್ತೀನಿ" ಎಂಬ ಮಾತಿನಿಂದ ನನಗೇನೂ ತಿಳಿಯುವುದಿಲ್ಲ. "ಸಾವಿರ ಕಿಲೋಮೀಟರಿಗೆ 300 ಎಂಎಲ್" ಎಂದರೆ ಎಲ್ಲಿಂದ ಹುಡುಕಲು ಶುರುಮಾಡಬೇಕೆಂದು ಗೊತ್ತಾಗುತ್ತದೆ.

ವಾಟರ್ ಪಂಪ್ ಬದಲಿಸಿದ ಆ ಕಾರಿನ ಮಾಲೀಕರು ಹೊರಡುವಾಗ ಡಿಕ್ಕಿಯ ಬಾಟಲಿ ತೆಗೆದು ಕಸದ ಡಬ್ಬಿಗೆ ಹಾಕಲು ಹೋದರು. ತಡೆಯಿರಿ ಎಂದು ಬಾನೆಟ್ ಮತ್ತೊಮ್ಮೆ ಎತ್ತಿದೆ. ಆರು ತಿಂಗಳು ವಾರ ತಪ್ಪದೆ ನೀರು ಸುರಿದವರ ಗಾಡಿಯಲ್ಲಿ ವೈಪರ್ ನೀರಿನ ಟ್ಯಾಂಕು ಬತ್ತಿ ಒಣಗಿತ್ತು. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅದಕ್ಕೆ ಸುರಿದು ಕಳಿಸಿಕೊಟ್ಟೆ.